ತುಕ್ಕಮ್ಮನೂ ಒದ್ದೆ ಗೋಡೆಯೂ

ಪಾರ್ಕಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ತುಕ್ಕಮ್ಮ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಅದಕ್ಕೆ ಅವಳಿಗೆ ಬೇಸರವೇನೂ ಇಲ್ಲ. ಸುಳ್ಳೇಕೆ ಹೇಳಬೇಕು, ಒಳಗೊಳಗೇ ಜಂಭ. ಇಪ್ಪತ್ತೆರಡು ವರ್ಷದ ಹಿಂದೆ ಈ ಥೀಮ್ ಪಾರ್ಕಿನಲ್ಲಿ ಮೊದಲ ದೊಡ್ಡ ರೈಡ್ ಕಟ್ಟಿದರು. ಪಾಳುಬಿದ್ದ ಗಣಿಯೊಳಗೆ ಗಡಗಡ ಓಡುವ ಬೋಗಿ, ಸುತ್ತ ಜನ ಬಿಟ್ಟುಹೋದಂಥ ಒಂದು ಊರು. ಆ ಹೊಚ್ಚ ಹೊಸ ಕಬ್ಬಿಣಕ್ಕೆಲ್ಲ ನೂರು ವರ್ಷದ ತುಕ್ಕು ಹಿಡಿಸಿದವಳು ಇವಳು, ಬರೀ ಕುಂಚ, ಸ್ಪಂಜು, ನಾಲ್ಕು ಡಬ್ಬಿ ಬಣ್ಣದಲ್ಲಿ. ತೆರೆಯುವ ಹಿಂದಿನ ದಿನ ಸುರಕ್ಷತೆಯ ತಪಾಸಣೆಗೆ ಬಂದ ಅಧಿಕಾರಿ ಒಂದು ಬೋಲ್ಟು ನೋಡಿ ಹೌಹಾರಿ, "ಇದು ಕೊಳೆತು ಹೋಗಿದೆ, ಬೋಗಿ ನಿಲ್ಲಿಸ್ರೀ!" ಎಂದು ಕೂಗಿದರಂತೆ. ಇವಳು ಹೋಗಿ ಉಗುರಿನಲ್ಲಿ ಕೆರೆದಳಂತೆ. ಒಳಗೆ ಕಬ್ಬಿಣ ಫಳಫಳ! ಅವತ್ತಿನಿಂದ ಅವಳು ತುಕ್ಕಮ್ಮ. ಈ ಕತೆ ಬೀಳದ ಕಿವಿ ಪಾರ್ಕಿನಲ್ಲಿ ಒಂದೂ ಇಲ್ಲ. ಗೇಟಿನ ಕಾವಲುಗಾರ ಇದನ್ನು ಇವಳಿಗಿಂತ ಚೆನ್ನಾಗಿ ಹೇಳುತ್ತಿದ್ದ.

ಅಪ್ಪ ಅಂಗಡಿ ಬೋರ್ಡು ಬರೆಯುತ್ತಿದ್ದವರು. ಬೋರ್ಡು ಹೊಸದಾಗಿ ಕಾಣಬೇಕು ಎನ್ನುವುದು ಅವರ ಕಸುಬು; ಹೊಸದು ಹಳೆಯದಾಗಿ ಕಾಣಬೇಕು ಎನ್ನುವುದು ಮಗಳದ್ದು. ಬಿರುಕು, ಪಾಚಿ, ಹೊಗೆಯ ಮಸಿ, ಗೆದ್ದಲು ತಿಂದ ಬಾಗಿಲು, ಯಾವುದನ್ನು ಕೇಳಿದರೂ ಬರೆದುಕೊಡುತ್ತಿದ್ದಳು. ಬಣ್ಣದ ಶೆಡ್ಡಿಗೆ ಹೊಸದಾಗಿ ಸೇರಿದವರು ಏನು ಬರೆದು ತಂದು ತೋರಿಸಿದರೂ, ಕಣ್ಣು ಕಿರಿದು ಮಾಡಿ ನೋಡಿ ಎರಡೇ ಮಾತು ಹೇಳುವಳು: "ಬಣ್ಣ ಕಾಣ್ತಿದೆ." ಅಂದರೆ ಒರೆಸು, ಮತ್ತೆ ಬರೆ. ಈ ಎರಡು ಮಾತು ಕೇಳಿ ಅತ್ತವರುಂಟು, ಕೆಲಸ ಬಿಟ್ಟವರುಂಟು. ಅಳದೆ, ಬಿಡದೆ, ಒರೆಸಿ ಒರೆಸಿ ಬರೆದವಳು ಒಬ್ಬಳೇ, ಅವಳ ನಾದಿನಿ.

ಗಂಡನ ತಂಗಿ. ಓದು ಮುಗಿದ ಮೇಲೆ ಅಣ್ಣನ ಮನೆಗೆ ಬಂದವಳನ್ನು ಶೆಡ್ಡಿಗೆ ಕೈಹಿಡಿದು ಕರೆದುಕೊಂಡು ಹೋದವಳು ತುಕ್ಕಮ್ಮನೇ. ಆರು ವರ್ಷ ಒಂದೇ ಮನೆಯಲ್ಲಿದ್ದರು. ಅಡುಗೆಮನೆಯ ಮೂಲೆಯ ಮೋಟು ಸ್ಟೂಲು ನಾದಿನಿಯ ಜಾಗ. ಅತ್ತಿಗೆ ಒಲೆಯ ಮುಂದೆ, ಅವಳು ಸ್ಟೂಲಿನ ಮೇಲೆ, ಬಾಯಿ ತುಂಬ ಮಾತು. ಆಮೇಲೆ ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದಳು. ಮಾತಿಗೆ ಮುಂಚೆ ಒಂದು 'ಅತ್ತಿಗೆ', ಮುಗಿದ ಮೇಲೆ ಇನ್ನೊಂದು 'ಅತ್ತಿಗೆ'. ಅಂಥವಳ ಮೇಲೆ ಹೊಟ್ಟೆಕಿಚ್ಚು ಪಡಬೇಕಾದರೆ ಮನುಷ್ಯರು ಸ್ವಲ್ಪ ಕಷ್ಟಪಡಬೇಕು. ತುಕ್ಕಮ್ಮ ಕಷ್ಟಪಟ್ಟಳು.

ಶುರುವಾದದ್ದು ಬಂದರು ಊರಿನಿಂದ. ಪಾರ್ಕಿನವರು ಒಂದೊಂದು ಹೊಸ ಭಾಗವನ್ನೂ ಊರು ಎನ್ನುತ್ತಾರೆ. ಗಣಿ ಊರು ಆಯಿತು, ಈ ವರ್ಷ ಬಂದರು ಊರು, ಮುಂದಿನದು ಮಂಜಿನ ಊರು. ಬಂದರು ಊರಿನ ಗೋಡೆಗಳನ್ನು ಮ್ಯಾನೇಜರು ನಾದಿನಿಗೆ ಕೊಟ್ಟರು. ತುಕ್ಕಮ್ಮನಿಗೆ ಗಣಿ ಊರಿನಲ್ಲಿ ಸವೆದ ಬಣ್ಣಕ್ಕೆ ತೇಪೆ ಹಚ್ಚುವ ಕೆಲಸ. "ಮಂಜಿನ ಊರಿಗೆ ಹೆಡ್ ಪೇಂಟರ್ ಬೇಕಲ್ಲಮ್ಮ, ನಿಮ್ಮನ್ನ ಬಿಟ್ಟು ಯಾರಿದಾರೆ? ತಿಂಗಳ ಕೊನೇಲಿ ಹೇಳ್ತೀನಿ" ಎಂದು ಮ್ಯಾನೇಜರು ಬೆಣ್ಣೆ ಹಚ್ಚಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಹೆಡ್ಡಾಗಿ ಒಂದು ಇಡೀ ಊರು ಅವಳ ಕೈಗೆ ಬಂದಿರಲಿಲ್ಲ. ಅದೊಂದು ಸಿಕ್ಕರೆ ಸಾಕು ಎಂದು ಹಲ್ಲು ಕಚ್ಚಿ ತೇಪೆ ಹಚ್ಚಿದಳು.

ಇನ್ನು ಭಾನುವಾರದವರ ಕತೆ. ಇವರು ಪಾರ್ಕಿನ ಅಭಿಮಾನಿಗಳು. ವರ್ಷದ ಪಾಸು ಮಾಡಿಸಿಕೊಂಡು ಪ್ರತಿ ಭಾನುವಾರ ಬಂದು, ಗಣಿ ಊರಿನ ಕಾರಂಜಿಯ ಪಕ್ಕದ ಬೆಂಚುಗಳಲ್ಲಿ ಕೂತು ವಾದ ಮಾಡುವುದೇ ಇವರ ಕೆಲಸ. ಮುಂದಾಳು ಟೋಪಿ ಮೇಷ್ಟ್ರು, ನಿವೃತ್ತ ಶಾಲಾ ಶಿಕ್ಷಕರು, ಟೋಪಿ ತುಂಬ ಬ್ಯಾಡ್ಜು. ಅವರ ಕಡುವೈರಿ ಮತ್ತು ಪರಮ ಸ್ನೇಹಿತ ಗಡಿಯಾರ ಎನ್ನುವವನು. ರೈಡ್ ಹತ್ತಿದರೆ ಮೊದಲು ಸ್ಟಾಪ್‌ವಾಚು ಒತ್ತುವ ಬ್ಯಾಂಕಿನ ಗುಮಾಸ್ತ. ಇಷ್ಟು ವರ್ಷ ಇಬ್ಬರೂ ಒಪ್ಪುತ್ತಿದ್ದ ಒಂದೇ ವಿಷಯವೆಂದರೆ ಗಣಿ ಊರಿನ ತುಕ್ಕಿಗೆ ಸಾಟಿಯಿಲ್ಲ ಎನ್ನುವುದು. ತುಕ್ಕಮ್ಮ ಭಾನುವಾರ ಬೇಕೆಂದೇ ಆ ಬೆಂಚಿನ ಹಿಂದಿನ ಕಂಬಕ್ಕೆ ತೇಪೆ ಹಚ್ಚುತ್ತಿದ್ದಳು.

ಆ ಭಾನುವಾರವೂ ಹಾಗೇ ಕಿವಿ ನಿಮಿರಿಸಿ ನಿಂತಿದ್ದಳು.

"ಬಂದರು ಊರಲ್ಲಿ ತೊಂಬತ್ತು ನಿಮಿಷ ಕ್ಯೂ, ಮೂರು ನಿಮಿಷ ಹತ್ತು ಸೆಕೆಂಡು ರೈಡು!" ಎಂದು ಗಡಿಯಾರ ಕೂಗಾಡುತ್ತಿದ್ದ. "ಅದ್ರಲ್ಲೂ ಅರ್ಧ ಬರೀ ಪರದೆ ಮೇಲೆ ಸಿನಿಮಾ. ದೋಣಿ ಅಲ್ಲಾಡೋದೂ ಇಲ್ಲ. ಇದನ್ನ ರೈಡ್ ಅಂತಾರಾ ಮೇಷ್ಟ್ರೇ? ಮನೇಲಿ ಸೋಫಾ ಮೇಲೆ ಕೂತು ಟೀವಿ ನೋಡಿದ್ರೆ ಆಗ್ತಿತ್ತು."

ತುಕ್ಕಮ್ಮನಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಹಿತವಾಯಿತು.

"ರೈಡ್ ಬಿಡಯ್ಯ, ಅದು ಇಂಜಿನಿಯರುಗಳ ಪಾಪ" ಎಂದರು ಮೇಷ್ಟ್ರು. "ಕ್ಯೂನಲ್ಲಿ ಸುಂಕದ ಕಚೇರಿ ಗೋಡೆ ನೋಡಿದ್ಯಾ? ಮೇಲ್ಗಡೆ ಒದ್ದೆ ಆಗಿ, ಸುಣ್ಣ ಉಬ್ಬಿ, ಉಪ್ಪು ಹೂ ಬಿಟ್ಟಿದೆಯಲ್ಲ, ಅದು! ನನಗೆ ವಾಸನೇನೂ ಬಂತು ಕಣಯ್ಯ."

"ಅದು ಮಾತ್ರ ಒಪ್ತೀನಿ" ಎಂದ ಗಡಿಯಾರ. "ನಾಲ್ಕು ನಿಮಿಷ ಅಲ್ಲೇ ನಿಂತಿದ್ದೆ. ಹಿಂದಿನವರು ಬೈದ್ರು."

"ಅದನ್ನ ನೋಡಿ ಇಲ್ಲಿಗೆ ಬಂದ್ರೆ, ಈ ಗಣಿ ಊರು ಶಾಲೆ ನಾಟಕದ ಪರದೆ ಇದ್ದ ಹಾಗಿದೆ."

ಕುಂಚ ಕೈಯಿಂದ ಜಾರಿ ಡಬ್ಬಿಯೊಳಗೆ ಬಿತ್ತು. ಶಾಲೆ ನಾಟಕವಂತೆ! ಇವರ ಬಾಯಿಗೆ ಬೀಗ ಜಡಿಯ! ತುಕ್ಕಮ್ಮನ ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು ಆಗ. ಏಪ್ರನ್ನಿಗೆ ಕೈ ಒರೆಸಿಕೊಂಡು ನೇರವಾಗಿ ಬಂದರು ಊರಿಗೆ ನಡೆದಳು.

ಗೋಡೆ ಹತ್ತು ಅಡಿ ಆಚೆ, ಕಟಕಟೆಯ ಹಿಂದೆ, ಕೈಗೆಟಕದ ಎತ್ತರದಲ್ಲಿತ್ತು. ನೋಡಿದಳು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದಳು. ಒದ್ದೆಯ ಅಂಚಿನಲ್ಲಿ ಕಂದು ಗೆರೆ, ಅದರ ಹೊರಗೆ ಹಳದಿ, ಉಬ್ಬಿದ ಸುಣ್ಣದ ಹಕ್ಕಳೆ, ಅದರಡಿ ಕಪ್ಪು ಬೂಷ್ಟಿನ ಚುಕ್ಕೆ. ಎಷ್ಟು ಹುಡುಕಿದರೂ ಕುಂಚದ ಗುರುತು ಸಿಗಲಿಲ್ಲ. ಅವಳು ಕಲಿಸಿದ ಸ್ಪಂಜಿನ ಒತ್ತು ಇಲ್ಲ, ಹಲ್ಲುಜ್ಜುವ ಬ್ರಷ್ಷಿನ ಸಿಡಿಕೆ ಇಲ್ಲ. ತಾನು ಕಲಿಸದ್ದು ಈ ಹುಡುಗಿಗೆ ಎಲ್ಲಿಂದ ಬರಬೇಕು? ತಟಕ್ಕನೆ ಮಿಂಚು ಹೊಡೆಯಿತು. ಇದು ಬಣ್ಣವೇ ಅಲ್ಲ. ಗೋಡೆಯೊಳಗೆ ಪೈಪು ಸೋರುತ್ತಿದೆ!

ಅಯ್ಯೋ, ಆಗ ಅವಳಿಗಾದ ಸಂತೋಷ ಏನು ಹೇಳಲಿ. ನೀರು ಸೋರುವುದು ನೋಡಿ ಅಷ್ಟು ಖುಷಿಪಟ್ಟವರು ಪ್ಲಂಬರುಗಳಲ್ಲೂ ಇರಲಿಕ್ಕಿಲ್ಲ. ಬಿರಬಿರನೆ ಬೆಂಚಿಗೆ ವಾಪಸು ಬಂದು, "ಮೇಷ್ಟ್ರೇ, ನೀವು ಹೊಗಳ್ತಿರೋದು ಒಡೆದ ಪೈಪನ್ನ. ಅದನ್ನ ಯಾರೂ ಬರೆದಿಲ್ಲ" ಎಂದಳು. ಗಡಿಯಾರ ಅಲ್ಲೇ ಗುಂಪಿಗೆ ಮೆಸೇಜು ಕಳಿಸಿದ. ಸಂಜೆಯೊಳಗೆ ಅಭಿಮಾನಿಗಳಲ್ಲಿ ಎರಡು ಪಂಗಡ, ನೀರಿನವರು ಮತ್ತು ಬಣ್ಣದವರು. ಇದು ಮ್ಯಾನೇಜರ ಕಿವಿಗೂ ಬಿತ್ತು. ಗೋಡೆಯ ಹಿಂದೆ ವಿದ್ಯುತ್ತಿನ ತಂತಿಗಳಿದ್ದವು; ನೀರು ಎಂದ ಕೂಡಲೇ ಅವರ ಮುಖ ಬಿಳಿಚಿತು.

ಮಂಗಳವಾರ ಪಾರ್ಕಿಗೆ ರಜೆ. ಬೆಳಿಗ್ಗೆ ಗೋಡೆಯ ಮುಂದೆ ನಾಲ್ವರು ಸೇರಿದರು: ಮ್ಯಾನೇಜರು, ಪ್ಲಂಬರು, ಅತ್ತಿಗೆ, ನಾದಿನಿ.

"ಅತ್ತಿಗೆ, ಅದು ನಾನು ಬರೆದಿದ್ದು ಅತ್ತಿಗೆ" ಎಂದಳು ನಾದಿನಿ ಮೆಲ್ಲಗೆ.

"ನನ್ನ ಕಣ್ಣಿಗೆ ಮಣ್ಣೆರಚಬೇಡ. ನೀನು ಬರೆದಿರಬಹುದು, ಅದರ ಮೇಲೆ ನೀರು ಕೂತಿದೆ. ನೀರು ಮಾಡಿದ ಕೆಲಸಕ್ಕೆ ನೀನು ಹೆಸರು ತಗೊಂಡೆ."

ಪ್ಲಂಬರು ಏಣಿ ಹತ್ತಿ ಕೈಯಾಡಿಸಿ, "ಒಣಗಿದೆಯಮ್ಮ" ಎಂದ.

"ಮೇಲೆ ಒಣಗಿರತ್ತೆ ಕಣಪ್ಪ, ಒಳಗೆ ಇರತ್ತೆ. ನಮ್ಮನೆ ಅಡುಗೆಮನೇಲಿ ಹನ್ನೊಂದು ವರ್ಷದಿಂದ ಇಂಥದ್ದೇ ನೋಡ್ತಿದೀನಿ. ಮಾಡಿಸ್ರೀ ಅಂದ್ರೆ ಇವಳ ಅಣ್ಣ ನಾಳೆ ನಾಳೆ ಅಂತ ಕೂತಿದಾರೆ. ಒದ್ದೆ ಗೋಡೆ ಬಗ್ಗೆ ನನಗೆ ಹೇಳಿಕೊಡಬೇಡಿ. ಒಡೀರಿ!"

ನಾದಿನಿ ಏನೋ ಹೇಳಲು ಹೋದವಳು ನೆಲ ನೋಡುತ್ತ ನಿಂತಳು. ಮ್ಯಾನೇಜರು ಇಬ್ಬರ ಮುಖವನ್ನೂ ನೋಡಿದರು. ಇಪ್ಪತ್ತೆರಡು ವರ್ಷದ ಕಣ್ಣು ಹೇಳುತ್ತಿದೆ, ಕೆಳಗೆ ದಿನಕ್ಕೆ ಸಾವಿರಾರು ಜನ ನಿಲ್ಲುತ್ತಾರೆ. "ಒಡಿ" ಎಂದರು.

ಉಳಿ ಸುತ್ತಿಗೆ ಬಿತ್ತು. ಉಬ್ಬಿದ ಸುಣ್ಣ, ಉಪ್ಪಿನ ಹೂವು, ಕಂದು ಗೆರೆ ಎಲ್ಲ ತುಂಡುತುಂಡಾಗಿ ಕೆಳಗೆ ಬಿದ್ದವು. ಒಳಗಿಂದ ಭುಸ್ಸೆಂದು ಧೂಳು ಬಂತು. ಪ್ಲಂಬರು ಮೂರು ಸಲ ಸೀನಿದ. ಒಳಗಿದ್ದದ್ದು ತಂತಿ ಬಲೆ, ಅದರ ಹಿಂದೆ ಕಡ್ಡಿಯ ಹಾಗೆ ಒಣಗಿದ ಹಲಗೆ.

"ಅಮ್ಮಾ, ಇಲ್ಲಿ ಪೈಪೇ ಇಲ್ಲ" ಎಂದ ಮೂಗು ಒರೆಸಿಕೊಳ್ಳುತ್ತ. "ಇಲ್ಲಿ ನೀರು ಬೇಕು ಅಂದ್ರೆ ನಾವೇ ಬಕೆಟ್ಟಲ್ಲಿ ತಂದು ಹಾಕ್ಬೇಕು."

ಮ್ಯಾನೇಜರು ನಗಲಿಲ್ಲ. ಬಿದ್ದ ಒಂದು ತುಂಡು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಉಗುರಿನಲ್ಲಿ ಕೆರೆದರು. ಆ ಕೆರೆಯುವ ಸದ್ದು ತುಕ್ಕಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

"ನಿಮ್ಮ ಕಣ್ಣಿಗೇ ಇದು ನೀರು ಅಂತ ಕಂಡಿದೆ ಅಂದ್ಮೇಲೆ ನನಗೆ ಬೇರೆ ಪರೀಕ್ಷೆ ಬೇಡಮ್ಮ" ಎಂದರು. ಆಮೇಲೆ ನಾದಿನಿಯ ಕಡೆ ತಿರುಗಿ, "ಮಂಜಿನ ಊರಿಗೆ ನೀವೇ ಹೆಡ್ಡು. ಮೊದಲು ಈ ಗೋಡೆ ಇದ್ದ ಹಾಗೆ ಮಾಡಿಕೊಡಿ. ಭಾನುವಾರ ಆ ಟೋಪಿ ಮನುಷ್ಯ ಬರ್ತಾರೆ" ಎಂದು ಹೊರಟುಹೋದರು.

ಕೈಗೆ ಬಂದಿದ್ದ ಊರನ್ನು ತಾನೇ ಸುತ್ತಿಗೆ ಕೊಟ್ಟು ಒಡೆಸಿದ್ದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಪ್ಲಂಬರು ಏಣಿ ಹೊತ್ತು ಹೋದ. ನಾದಿನಿ ಮಂಡಿಯೂರಿ ತುಂಡುಗಳನ್ನು ಬುಟ್ಟಿಗೆ ತುಂಬತೊಡಗಿದಳು. ತುಕ್ಕಮ್ಮನಿಗೆ ಅಲ್ಲಿಂದ ಓಡಿಹೋಗಬೇಕಿತ್ತು. ಆದರೆ ಕೇಳದೆ ಹೋದರೆ ಆ ಪ್ರಶ್ನೆ ಒಳಗೇ ಕೂತು ಕೊಲ್ಲುತ್ತಿತ್ತು.

"ಎಲ್ಲಿ ಕಲಿತೆಯೇ? ಇದನ್ನ ನಾನು ನಿನಗೆ ಹೇಳಿಕೊಟ್ಟಿಲ್ಲ."

ನಾದಿನಿ ತಲೆ ಎತ್ತಲಿಲ್ಲ. "ಬೈಬೇಡಿ ಅತ್ತಿಗೆ. ನಿಮ್ಮ ಅಡುಗೆಮನೆ ಗೋಡೆ ಅದು. ಆರು ವರ್ಷ ಸ್ಟೂಲ್ ಮೇಲೆ ಕೂತು ಅದನ್ನೇ ನೋಡ್ತಿದ್ನಲ್ಲ. ಈಗ ಮತ್ತೆ ಬರೀಬೇಕಲ್ಲ, ಒಂದು ಸಲ ನೋಡ್ಬೇಕು. ಸಂಜೆ ಬರ್ಲಾ?"

ತುಕ್ಕಮ್ಮ ದಾರಿಯುದ್ದಕ್ಕೂ ಉರಿದುಕೊಂಡೇ ಮನೆಗೆ ನಡೆದಳು. ತನ್ನ ಮನೆ, ತನ್ನ ಗೋಡೆ, ಹನ್ನೊಂದು ವರ್ಷ ಬೈದದ್ದು ತಾನು. ನೋಡಿದವಳು ಅವಳು!

ಮನೆಯಲ್ಲಿ ಇನ್ನೊಂದು ಅನಾಹುತ ಕಾದಿತ್ತು. ಎರಡು ದಿನದಿಂದ ಹೆಂಡತಿಯ ಮುಖ ಗಂಟಿಕ್ಕಿದ್ದು ಕಂಡು ಹೆದರಿದ ಗಂಡ, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಗಾರೆ ಮೇಸ್ತ್ರಿಯನ್ನು ಕರೆಸಿದ್ದ. ಪಾತ್ರೆಗಳೆಲ್ಲ ನಡುಮನೆಯಲ್ಲಿದ್ದವು. ಮೇಸ್ತ್ರಿ ಆಗಲೇ ಗೋಡೆಗೆ ಕರಣೆ ಇಟ್ಟಿದ್ದ.

"ನಿಲ್ಲಿಸಪ್ಪಾ!" ತುಕ್ಕಮ್ಮ ಗೋಡೆಗೆ ಅಡ್ಡ ನಿಂತಳು. "ಇದನ್ನ ಮುಟ್ಟಿದ್ರೆ ನೋಡು!"

"ನಿನಗೇನು ಹುಚ್ಚು ಹಿಡಿದಿದೆಯಾ?" ಎಂದ ಗಂಡ. "ಮಾಡಿಸ್ರೀ ಮಾಡಿಸ್ರೀ ಅಂತ ಹನ್ನೊಂದು ವರ್ಷ ತಲೆ ತಿಂದೆಯಲ್ಲೇ!"

"ಹನ್ನೊಂದು ವರ್ಷ ಮಾಡಿಸದವರಿಗೆ ಇವತ್ತೇನು ಅವಸರ? ಮೇಸ್ತ್ರೀನ ವಾಪಸು ಕಳಿಸಿ. ನಿಮ್ಮ ತಂಗಿ ಬರ್ತಾಳೆ."

ನಾದಿನಿ ಬಂದಾಗ ಇನ್ನೂ ಬೆಳಕಿತ್ತು. ತುಕ್ಕಮ್ಮ ಮಾತಾಡದೆ ಮೋಟು ಸ್ಟೂಲನ್ನು ಕಾಲಿನಿಂದ ಮೂಲೆಗೆ ತಳ್ಳಿದಳು. ನಾದಿನಿ ಕೂತು, ಮಡಿಲಲ್ಲಿ ಹಲಗೆ, ಹಾಳೆಯ ಕಟ್ಟು ಇಟ್ಟುಕೊಂಡು ಗೋಡೆ ನೋಡತೊಡಗಿದಳು. ಕುಂಚ ಮುಟ್ಟದೆ ಸುಮ್ಮನೆ ನೋಡುತ್ತಲೇ ಇದ್ದಳು. ಆ ನೋಟವನ್ನು ನಿಂತು ನೋಡುವುದು ತುಕ್ಕಮ್ಮನಿಂದ ಆಗಲಿಲ್ಲ. ಒಳಗಿನಿಂದ ಕುರ್ಚಿ ಎಳೆದು ತಂದಳು, ಪಕ್ಕದಲ್ಲೇ ಹಾಕಿ ಕೂತು, ಅವಳ ಕಟ್ಟಿನಿಂದ ಒಂದು ಹಾಳೆ ಕಿತ್ತುಕೊಂಡಳು. ನೋಡೇಬಿಡೋಣ!

ಅರ್ಧ ಗಂಟೆ ಇಬ್ಬರೂ ಬರೆದರು. ಕಂದು ಗೆರೆ, ಹಳದಿ, ಬೂಷ್ಟು, ತುಕ್ಕಮ್ಮ ತನ್ನ ಇಪ್ಪತ್ತೆರಡು ವರ್ಷವನ್ನೆಲ್ಲ ಆ ಹಾಳೆಗೆ ಸುರಿದಳು. ಬಾಗಿಲಲ್ಲಿ ನಿಂತಿದ್ದ ಗಂಡ, "ಎರಡೂ ಚೆನ್ನಾಗಿದೆಯಪ್ಪ" ಎಂದು ಹೇಳಿ ಜಾಣತನದಿಂದ ಒಳಗೆ ಹೋದ.

ತುಕ್ಕಮ್ಮ ಹಾಳೆಯನ್ನು ನಾದಿನಿಯ ಮುಂದೆ ಹಿಡಿದಳು. "ಸುಮ್ಮನೆ ಹೊಗಳಬೇಡ. ಹೆಡ್ಡು ನೀನು. ಇದ್ದದ್ದು ಇದ್ದ ಹಾಗೆ ಹೇಳು."

ನಾದಿನಿ ಹಾಳೆ ನೋಡಿದಳು, ಗೋಡೆ ನೋಡಿದಳು. ಕಣ್ಣು ತಗ್ಗಿಸಿ, "ಅತ್ತಿಗೆ... ಬಣ್ಣ ಕಾಣ್ತಿದೆ ಅತ್ತಿಗೆ" ಎಂದಳು.

ತುಕ್ಕಮ್ಮನ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ನಲ್ಲಿಯ ಕೆಳಗೆ ಸ್ಪಂಜು ನೆನೆಸಿ ಹಿಂಡಿದಳು, ವಾಪಸು ಬಂದು ಕೂತಳು, ಬರೆದದ್ದನ್ನು ಒರೆಸಿದಳು.