ಪುಟ್ಟಿ ಅಕ್ಕನಾದದ್ದು

ನನ್ನ ಹೆಂಡತಿಯ ಕೊನೆಯ ತಂಗಿಯನ್ನು ಮನೆಯವರೆಲ್ಲ ಪುಟ್ಟಿ ಎಂದು ಕರೆಯುತ್ತಿದ್ದರು. ನಾನು ಆ ಮನೆಗೆ ಅಳಿಯನಾಗಿ ಹೋದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ಆಮೇಲೆ ಕೂದಲು ನರೆಯಿತು, ಕನ್ನಡಕ ಬಂತು, ನಲವತ್ತು ದಾಟಿತು. ಪುಟ್ಟಿ ಮಾತ್ರ ಪುಟ್ಟಿಯಾಗಿಯೇ ಉಳಿದಳು.

ಹುಟ್ಟಿನಿಂದಲೇ ಅವಳ ಬುದ್ಧಿ ನಿಧಾನ. ಮಾತು ಬರುತ್ತದೆ, ಆದರೆ ಕೇಳಿದ ಪ್ರಶ್ನೆ ಒಳಗೆ ಇಳಿದು, ಸುತ್ತಾಡಿ, ಉತ್ತರವನ್ನು ಕೈಹಿಡಿದುಕೊಂಡು ಹೊರಗೆ ಬರಬೇಕು. ಅಷ್ಟರಲ್ಲಿ ಕೇಳಿದವರು ಬೇರೆ ಸುದ್ದಿಗೆ ಹೋಗಿಬಿಟ್ಟಿರುತ್ತಾರೆ. ಹಾಗಾಗಿ ಅವಳ ಪಾಲಿನ ಉತ್ತರಗಳನ್ನೆಲ್ಲ ನಮ್ಮತ್ತೆಯೇ ಕೊಡುತ್ತಿದ್ದರು. "ಪುಟ್ಟಿ, ಹೇಗಿದ್ದೀಯ?" ಎಂದರೆ "ಚೆನ್ನಾಗಿದ್ದಾಳೆ" ಎಂದು ಅತ್ತೆ. "ಪುಟ್ಟಿ, ಊಟ ಆಯ್ತಾ?" ಎಂದರೆ "ಆಯ್ತು, ಈಗ ತಾನೇ" ಎಂದು ಅತ್ತೆ. ತಲೆ ಬಾಚುವುದು, ಸೀರೆಗೆ ಪಿನ್ನು ಹಾಕುವುದು, ಮೊಟ್ಟೆ ಸುಲಿದು ಕೊಡುವುದು, ಎಲ್ಲ ಅವರೇ. ಕಣ್ಣಿಗೆ ರೆಪ್ಪೆ ಇದ್ದ ಹಾಗೆ ಇದ್ದರು. ಆದರೆ ರೆಪ್ಪೆ ಸದಾ ಮುಚ್ಚಿಯೇ ಇದ್ದರೆ ಕಣ್ಣಿಗೆ ಕಾಣುವುದೇನು? ಪುಟ್ಟಿಯ ಕೋಣೆಯ ಕಿಟಕಿ ರಸ್ತೆ ಕಡೆಗಿತ್ತು. ಹೋಗಿಬರುವವರು ಇಣುಕಿ ನೋಡುತ್ತಾರೆಂದು ಅತ್ತೆ ಅದನ್ನು ಯಾವತ್ತೂ ತೆರೆದವರಲ್ಲ.

ಮಾವ ತೀರಿಕೊಂಡರು. ಅತ್ತೆಗೆ ಎಪ್ಪತ್ತಾಯಿತು, ಕೈ ನಡುಗತೊಡಗಿತು, ಪಿನ್ನು ಒಮ್ಮೊಮ್ಮೆ ಸೀರೆ ಬಿಟ್ಟು ಪುಟ್ಟಿಗೇ ಚುಚ್ಚತೊಡಗಿತು. "ನನಗಿಂತ ಒಂದು ದಿನ ಮುಂಚೆ ಅವಳನ್ನ ಕರ್ಕೊಂಡ್ಬಿಡಪ್ಪ ದೇವರೇ" ಎಂದು ಅವರು ಅಡುಗೆಮನೆಯಲ್ಲಿ ಒಬ್ಬರೇ ಹೇಳಿಕೊಳ್ಳುವುದನ್ನು ನನ್ನ ಹೆಂಡತಿ ಕೇಳಿಸಿಕೊಂಡಳು. ಮನೆಗೆ ಬಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಊರೆಲ್ಲ ವಿಚಾರಿಸಿದಳು. ಪುಟ್ಟಿಯಂಥ ದೊಡ್ಡವರಿಗೆ ಅವರದೇ ಒಂದು ಮನೆ ಮಾಡಿಕೊಟ್ಟು, ಬೇಕಾದಷ್ಟೇ ಆಸರೆ ಕೊಡುವ ಸಂಸ್ಥೆಯೊಂದಿದೆ ಎಂದು ಗೊತ್ತಾಯಿತು. ಆಶ್ರಮವಲ್ಲ, ಆಸ್ಪತ್ರೆಯಲ್ಲ. ಎಲ್ಲರೂ ಇರುವಂಥ ಬೀದಿಯಲ್ಲಿ, ಎಲ್ಲರಿಗೂ ಇರುವಂಥ ಮನೆ. ಬೆಳಗ್ಗೆ, ಸಂಜೆ ಒಬ್ಬ ಸಹಾಯಕಿ ಬರುತ್ತಾಳೆ. ಉಳಿದ ಹೊತ್ತಿನಲ್ಲಿ ಫೋನಿನ ಗುಂಡಿ ಒತ್ತಿದರೆ ಸಿಗುತ್ತಾಳೆ.

ಅತ್ತೆ ಬಿಲ್‌ಕುಲ್ ಒಪ್ಪಲಿಲ್ಲ. "ಹೆತ್ತ ತಾಯಿ ಬದುಕಿರುವಾಗ ಮಗಳನ್ನ ಬಾಡಿಗೆ ಮನೇಲಿ ಇಡ್ತೀರಾ? ನಾನು ಕಣ್ಣು ಮುಚ್ಚಿದ ಮೇಲೆ ಏನಾದ್ರೂ ಮಾಡ್ಕೊಳ್ಳಿ."

"ನೀವು ಕಣ್ಣು ಮುಚ್ಚಿದ ದಿನವೇ ಅವಳು ಮೊಟ್ಟೆ ಸುಲಿಯೋದನ್ನ ಕಲೀಬೇಕಾ ಅಮ್ಮ?" ಎಂದಳು ನನ್ನ ಹೆಂಡತಿ.

ಅತ್ತೆ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅಂತಲೂ ಅನ್ನಲಿಲ್ಲ. ಪುಟ್ಟಿಯನ್ನೇ ಕೇಳೋಣ ಎಂದು ಹೆಂಡತಿ ಅವಳನ್ನು ಕೂರಿಸಿಕೊಂಡು ಎಲ್ಲ ವಿವರಿಸಿದಳು. ಉತ್ತರ ಬಂದದ್ದು ಮಾರನೆಯ ದಿನ, ನಾವು ಕೇಳಿದ್ದನ್ನೇ ಮರೆತು ಬಟ್ಟೆ ಮಡಚುತ್ತಿದ್ದಾಗ: "ಹೋಗಿ ನೋಡ್ತೀನಿ."

ನಾನು ಪರದೆ ಹೊಲಿಯುವವನು. ಹೊಸ ಮನೆಗೆ ಅಳತೆ ತೆಗೆಯಲು ಟೇಪು ಹಿಡಿದು ಹೋದೆ. ಮೊದಲನೆ ಮಹಡಿ, ಎರಡು ಮಲಗುವ ಕೋಣೆ, ಕೆಳಗೊಂದು ಔಷಧಿ ಅಂಗಡಿ, ಎದುರಿಗೆ ಬಸ್ ನಿಲ್ದಾಣ. ಸಹಾಯಕಿ ಎತ್ತರದ ಹೆಂಗಸು, ಅಗಲವಾದ ಪಾದ, ಮೆಲ್ಲನೆಯ ದನಿ. ನಾನು ಬಟ್ಟೆಯ ಮಾದರಿಗಳನ್ನು ಹರಡಿ, ಅಭ್ಯಾಸಬಲದಿಂದ ನನ್ನ ಹೆಂಡತಿಯ ಕಡೆ ತಿರುಗಿ, "ಅವಳಿಗೆ ಯಾವ ಬಣ್ಣ ಹಾಕೋಣ?" ಎಂದೆ.

"ಮನೆ ಅವರದು. ಅವರನ್ನ ಕೇಳಿ ಸಾರ್" ಎಂದಳು ಸಹಾಯಕಿ.

ಕೇಳಿದೆ. ಕಾದೆ. ಗೋಡೆಯ ಗಡಿಯಾರ ಟಿಕ್‌ಟಿಕ್ ಎನ್ನುತ್ತಿತ್ತು. ಪುಟ್ಟಿ ಒಂದೊಂದೇ ಬಟ್ಟೆಯನ್ನು ಕಿಟಕಿಗೆ ಹಿಡಿದು ನೋಡಿ ಕೆಳಗಿಟ್ಟಳು. ಕೊನೆಗೆ, "ಯಾವುದೂ ಬೇಡ ಭಾವ. ಮುಚ್ಚಬೇಡಿ. ಬಸ್ಸು ಕಾಣ್ಬೇಕು" ಎಂದಳು.

ಮೂವತ್ತು ವರ್ಷದ ಕಸುಬಿನಲ್ಲಿ ಪರದೆಯೇ ಬೇಡ ಎಂದ ಮೊದಲ ಗಿರಾಕಿ ನನ್ನ ನಾದಿನಿ! ಬಟ್ಟೆ ಬದಲಾಯಿಸುವಾಗ ಏನು ಮಾಡ್ತೀರಿ ಎಂದು ಸಹಾಯಕಿ ಕೇಳಿದಳು, ಪುಟ್ಟಿ ಯೋಚಿಸಿದಳು, ಕೊನೆಗೆ ಕೆಳಗಿನ ಅರ್ಧಕ್ಕೆ ಮಾತ್ರ ಪರದೆ ಎಂದು ತೀರ್ಮಾನವಾಯಿತು. ಮೇಲಿನ ಅರ್ಧದಲ್ಲಿ ಆಕಾಶ ಮತ್ತು ಬಸ್ಸಿನ ತಲೆ. ಅಷ್ಟು ಸಣ್ಣ ಕೆಲಸಕ್ಕೆ ಅಷ್ಟು ಹೊತ್ತು ಹಿಡಿದದ್ದು ನನಗೆ ಬೇಸರ ತರಬೇಕಿತ್ತು. ಬದಲಿಗೆ, ಇಷ್ಟು ವರ್ಷ ನೋಡಿಕೊಂಡು ಬಂದವಳ ಒಳಗೆ ಒಂದು ಇಷ್ಟವಿತ್ತು, ಅದು ಕಿಟಕಿಯಷ್ಟು ದೊಡ್ಡದಿತ್ತು ಎಂದು ತಿಳಿದು ಮೈ ಜುಮ್ಮೆಂದಿತು.

ಸಹಾಯಕಿ ಕೆಲಸ ಮಾಡುವ ಬಗೆಯೇ ಬೇರೆ. ಪುಟ್ಟಿ ಗ್ಯಾಸ್ ಒಲೆ ಹಚ್ಚಲು ಹೆಣಗುತ್ತಿದ್ದರೆ ಈಕೆ ಪಕ್ಕದಲ್ಲೇ ನಿಂತು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಸುದ್ದಿ ಅತ್ತೆಗೆ ತಲುಪಿತು. "ಕೈ ಕಟ್ಟಿ ನಿಲ್ಲೋಕೂ ಸಂಬಳ ಕೊಡ್ತಾರಾ?" ಎಂದು ಮೂಗು ಮುರಿದರು. ನಾನು ಅದನ್ನು ಸಹಾಯಕಿಗೆ ಹೇಳಿದಾಗ ಅವಳು ನಕ್ಕುಬಿಟ್ಟಳು. "ಹೇಳಿ ಅಮ್ಮನಿಗೆ, ಈ ಕೆಲಸದಲ್ಲಿ ಕಷ್ಟದ್ದು ಅದೊಂದೇ ಅಂತ. ಕೈ ತುರಿಸ್ತಾ ಇರುತ್ತೆ. ಆದ್ರೆ ನಾನು ಮಾಡಿಕೊಟ್ಟುಬಿಟ್ರೆ ಅವರ ಕೈಯಿಂದ ಕಿತ್ಕೊಂಡ ಹಾಗೆ."

ಒಲೆ ಹತ್ತಿತು. ಮೊಟ್ಟೆ ಒಡೆಯಿತು, ಸೀದಿತು, ಮತ್ತೆ ಒಡೆಯಿತು, ಒಂದು ದಿನ ಬೆಂದಿತು. ಕನ್ನಡಿ ನೋಡಿಕೊಂಡು ಪುಟ್ಟಿ ತಾನೇ ತಲೆ ಬಾಚಿಕೊಂಡಳು, ಬೈತಲೆ ಒಂದು ಕಡೆಗೆ ವಾಲಿಕೊಂಡು. ಕಿಟಕಿಯ ಗಾಜನ್ನಂತೂ ದಿನಕ್ಕೆರಡು ಸಲ ಒರೆಸುತ್ತಿದ್ದಳು. ಅದನ್ನು ನೋಡಿಯೇ ಸಂಸ್ಥೆಯವರು ಬಸ್ ಡಿಪೋದವರೊಡನೆ ಮಾತಾಡಿ ಅವಳಿಗೊಂದು ಕೆಲಸ ಕೊಡಿಸಿದರು: ಬೆಳಗಿನ ಸುತ್ತು ಮುಗಿಸಿ ಬಂದ ಬಸ್ಸುಗಳ ಕಿಟಕಿಗಳನ್ನು ಒಳಗಿನಿಂದ ಒರೆಸುವುದು. ಮೊದಮೊದಲು ಸಂಸ್ಥೆಯ ಹೆಂಗಸೊಬ್ಬಳು ಜೊತೆಗಿದ್ದಳು. ದಿನ ಕಳೆದಂತೆ ಅವಳು ಬಾಗಿಲ ಹತ್ತಿರ ನಿಂತಳು, ಆಮೇಲೆ ಗೇಟಿನ ಹತ್ತಿರ, ಆಮೇಲೆ ಬರಲೇ ಇಲ್ಲ.

ಒರೆಸಿದ ಮೇಲೆ ಪುಟ್ಟಿ ಪ್ರತಿಯೊಂದು ಸೀಟಿನಲ್ಲೂ ಕೂತು ಹೊರಗೆ ನೋಡುತ್ತಾಳೆ. ಡಿಪೋದ ಮೇಸ್ತ್ರಿ ಒಮ್ಮೆ ಗದರಿಸಿದನಂತೆ. "ಏನಮ್ಮ, ಕೆಲಸ ಮಾಡ್ತಿದ್ದೀಯೋ ಪ್ರಯಾಣ ಹೊರಟಿದ್ದೀಯೋ?"

ಪುಟ್ಟಿ ಯೋಚಿಸಿ ಹೇಳಿದಳಂತೆ: "ಕಿಟಕಿ ಕೂತವರಿಗಲ್ವಾ?"

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಅವಳು ಡಿಪೋದ ಖಾಯಂ ಪ್ರಯಾಣಿಕಳು.

ಅದೇ ವರ್ಷ ಎರಡನೆಯ ಕೋಣೆಗೆ ಒಬ್ಬ ಹುಡುಗಿ ಬಂದಳು. ಇಪ್ಪತ್ತಾರು ವರ್ಷ. ಹಿಂದೆ ಮುಂದೆ ಯಾರೂ ಇಲ್ಲ, ಬೆಳೆದದ್ದೆಲ್ಲ ದೊಡ್ಡದೊಂದು ಅನಾಥಾಲಯದ ಉದ್ದನೆಯ ಹಜಾರದಲ್ಲಿ. ಮಾತು ಇಲ್ಲವೆನ್ನುವಷ್ಟು ಕಡಿಮೆ, ನಡಿಗೆಗೆ ಗಾಲಿಯ ಸ್ಟ್ಯಾಂಡು ಬೇಕು. ಬಂದ ವಾರವೆಲ್ಲ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪುಟ್ಟಿ ಬ್ರೆಡ್ಡು ಸುಟ್ಟು ಅವಳ ಬಾಗಿಲಲ್ಲಿಟ್ಟು ಬರುತ್ತಿದ್ದಳು, ಹೊಸ ಬೆಕ್ಕಿಗೆ ಇಡುವ ಹಾಗೆ. ಹೆಸರು ಕೂಡ ಇಟ್ಟಳು: ಮರಿ.

"ಅವರು ದೊಡ್ಡವರು ಪುಟ್ಟಿ, ಹಾಗೆ ಕರೀಬಹುದಾ ಅಂತ ಕೇಳಿ" ಎಂದಳು ಸಹಾಯಕಿ. ಪುಟ್ಟಿ ಕೇಳಿದಳು. ಗೋಡೆ ಕಡೆಗಿದ್ದ ಮುಖ ಮೊದಲ ಬಾರಿಗೆ ಈಚೆ ತಿರುಗಿ ಕಿಲಕಿಲ ನಕ್ಕಿತು. ಒಪ್ಪಿಗೆಗೆ ಇನ್ನೇನು ಬೇಕು?

ಒಂದು ಸಂಜೆ ನಾನು ಹರಿದ ಪರದೆಗೆ ಹೊಲಿಗೆ ಹಾಕಲು ಹೋಗಿದ್ದೆ. ಮರಿ ಕೋಣೆಯಿಂದ ಸ್ಟ್ಯಾಂಡು ತಳ್ಳಿಕೊಂಡು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಬಾಯಿ ಸೊಟ್ಟಗೆ ಮಾಡಿ, ಕುತ್ತಿಗೆಯ ನರ ಉಬ್ಬಿಸಿ, ಬಾವಿಯಿಂದ ಕೊಡ ಎಳೆದ ಹಾಗೆ ಒಂದು ಶಬ್ದವನ್ನು ಎಳೆದು ತಂದಳು.

"ಅಕ್ಕಾ."

ಪುಟ್ಟಿ ಹಿಂದೆ ತಿರುಗಿ ನೋಡಿದಳು, ಯಾರು ಬಂದರು ಎಂದು. ಹಿಂದೆ ಯಾರೂ ಇರಲಿಲ್ಲ, ಪಾತ್ರೆ ಸ್ಟ್ಯಾಂಡು ಮಾತ್ರ. ನನ್ನ ಕಡೆ ನೋಡಿದಳು.

"ನಿನ್ನನ್ನೇ ಕರೆದದ್ದು" ಎಂದೆ.

"ನನ್ನನ್ನಾ?"

ನಾಲ್ವರು ಹೆಣ್ಣುಮಕ್ಕಳ ಮನೆಯಲ್ಲಿ ಕೊನೆಯವಳು. ಅವಳಿಗೆ ಅಕ್ಕಂದಿರಿದ್ದರು, ಭಾವಂದಿರಿದ್ದರು. ನಮ್ಮ ಮಕ್ಕಳು ಕೂಡ ಚಿಕ್ಕಮ್ಮ ಎನ್ನದೆ ಪುಟ್ಟಿ ಎಂದೇ ಕರೆಯುತ್ತಿದ್ದರು. ಹುಟ್ಟಿದಂದಿನಿಂದ ಅವಳನ್ನು ಯಾರೂ ತಮಗಿಂತ ದೊಡ್ಡವಳು ಎಂದು ಕರೆದಿರಲಿಲ್ಲ. ಸೌಟನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡಳು. ಯಾರೋ ಹಿರಿಯರು ಮನೆಗೆ ಬಂದಾಗ ಮಾಡುವ ಹಾಗೆ. ಆ ಹಿರಿಯರು ಅವಳೇ. ಆಮೇಲೆ, "ಏನ್ ಬೇಕು ಮರಿ?" ಎಂದಳು. ದನಿ ಬೇರೆಯೇ ಆಗಿತ್ತು. ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಮುಂದಿನ ಬೇಸಿಗೆಯಲ್ಲಿ, ಒಂದು ರಜೆಯ ದಿನ ಮಧ್ಯಾಹ್ನ, ನನ್ನ ಅಂಗಡಿಗೆ ಸಹಾಯಕಿಯ ಫೋನು ಬಂತು. ಮರಿಗೆ ಹೊಟ್ಟೆನೋವು, ಪುಟ್ಟಿ ಗುಂಡಿ ಒತ್ತಿ ತಿಳಿಸಿದ್ದಾರೆ, ಆಂಬುಲೆನ್ಸ್ ಕಳಿಸಿದ್ದೇನೆ, ನಾನು ದೂರದಲ್ಲಿದ್ದೇನೆ, ನೀವು ಆಸ್ಪತ್ರೆಗೆ ಹತ್ತಿರವಿದ್ದೀರಿ ಎಂದಳು. ನಾನು ಕತ್ತರಿ ಬಿಸಾಕಿ ಓಡಿದೆ. ನಾನು ತಲುಪುವ ಹೊತ್ತಿಗೆ ಪುಟ್ಟಿ ಆಗಲೇ ಅಲ್ಲಿದ್ದಳು, ಸ್ಟ್ರೆಚರಿನ ಪಕ್ಕದಲ್ಲಿ, ಮರಿಯ ಮುಷ್ಟಿಯನ್ನು ತನ್ನ ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು. ಕಾಲಿಗೆ ಬೇರೆ ಬೇರೆ ಜೊತೆಯ ಒಂದೊಂದು ಚಪ್ಪಲಿ. ಆಂಬುಲೆನ್ಸಿನಲ್ಲಿ ಅವಳೊಬ್ಬಳೇ ಬಂದಿದ್ದಳು. ರಸ್ತೆ ದಾಟಿಸಲು ಅತ್ತೆ ತೋಳು ಹಿಡಿಯುತ್ತಿದ್ದ ಪುಟ್ಟಿ!

ಸಹಾಯಕಿಯೂ ಏದುಸಿರು ಬಿಡುತ್ತ ಬಂದು ಸೇರಿದಳು. ವೈದ್ಯರು ಚಿಕ್ಕ ವಯಸ್ಸಿನವರು. ನಮ್ಮಿಬ್ಬರನ್ನು ನೋಡಿ, "ನೋವು ಯಾವಾಗ ಶುರುವಾಯ್ತು? ಎಲ್ಲಿ?" ಎಂದರು.

ನಾನು ಬಾಯಿ ತೆರೆದೆ. ಸಹಾಯಕಿಯ ಕೈಗಳು ಬೆನ್ನ ಹಿಂದೆ ಹೋದವು. "ಇವರನ್ನ ಕೇಳಿ ಡಾಕ್ಟ್ರೇ. ಜೊತೆಗಿದ್ದವರು ಇವರು. ಸ್ವಲ್ಪ ಟೈಮ್ ಕೊಡಿ, ಹೇಳ್ತಾರೆ."

ವೈದ್ಯರು ಸ್ಟೂಲು ಎಳೆದುಕೊಂಡು ಪುಟ್ಟಿಯೆದುರು ಕೂತರು. "ನೀವು ಇವರಿಗೆ ಏನಾಗ್ಬೇಕು?"

"ಅಕ್ಕ" ಎಂದಳು ಪುಟ್ಟಿ. ಆ ಉತ್ತರಕ್ಕೆ ಮಾತ್ರ ಅವಳಿಗೆ ಹೊತ್ತು ಬೇಕಾಗಲಿಲ್ಲ.

ಉಳಿದ ಪ್ರಶ್ನೆಗಳಿಗೆ ಕಾಯಬೇಕಾಯಿತು. ಸುತ್ತ ಗಾಲಿಗಳ ಸದ್ದು, ಯಾರದೋ ಕೆಮ್ಮು. ಆ ಮೌನದಲ್ಲಿ ನಾನು ಎಷ್ಟು ಸಲ ಬಾಯಿ ತೆರೆದು ಮುಚ್ಚಿದೆನೋ! ಪುಟ್ಟಿ ಮರಿಯ ಮುಖವನ್ನೇ ನೋಡುತ್ತ ಒಂದೊಂದಾಗಿ ಹೇಳಿದಳು. ನಿನ್ನೆ ರಾತ್ರಿ ಬ್ರೆಡ್ಡು ಬೇಡ ಅಂದಳು. ಬೆಳಗ್ಗೆ ಚಹಾ ಕುಡಿದು ವಾಂತಿ ಮಾಡಿದಳು. ಮೊದಲು ಹೊಕ್ಕಳು ಹಿಡ್ಕೊಂಡಿದ್ದಳು. ಆಮೇಲೆ ಈ ಕಡೆ. ತನ್ನದೇ ಹೊಟ್ಟೆಯ ಬಲಭಾಗದ ಕೆಳಗೆ ಕೈ ಇಟ್ಟು ತೋರಿಸಿದಳು. ವೈದ್ಯರು ತಲೆದೂಗಿ, ಅಲ್ಲೇ ಮೆಲ್ಲಗೆ ಒತ್ತಿ ನೋಡಿ, "ಅಪೆಂಡಿಕ್ಸ್ ಇರಬಹುದು" ಎಂದರು. ಪರೀಕ್ಷೆಗಳಾದವು, ಸಂಜೆಯೊಳಗೆ ಶಸ್ತ್ರಚಿಕಿತ್ಸೆಯೂ ಆಯಿತು. ಎಚ್ಚರವಾದಾಗ ಮರಿ ಕಣ್ಣು ತೆರೆದು ಯಾರನ್ನು ಹುಡುಕಿದಳು ಎಂದು ಬೇರೆ ಹೇಳಬೇಕಿಲ್ಲ.

ಅತ್ತೆಗೆ ಇದನ್ನೆಲ್ಲ ಹೇಳಿದವನು ನಾನೇ. ಮಗಳು ಹೋಗಿ ಎರಡು ವರ್ಷವಾಗಿದ್ದರೂ ಅವರು ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಭಾನುವಾರ ಪುಟ್ಟಿಯೇ ಬಂದು ನೋಡಿಕೊಂಡು ಹೋಗಬೇಕು, ಅದು ಅವರ ಮುಷ್ಕರ. ಕಥೆಯನ್ನು ಪೂರ್ತಿ ಕೇಳಿದರು. ಕೊನೆಗೆ, "ಡಾಕ್ಟ್ರು ಕೇಳಿದ್ದಕ್ಕೆಲ್ಲ ಅವಳೇ ಹೇಳಿದ್ಲಾ?" ಎಂದರು.

"ಅವಳೇ."

"ಸರಿಯಾಗಿ?"

"ಅಕ್ಷರ ಅಕ್ಷರ ಸರಿಯಾಗಿ."

ಅತ್ತೆ ಸೆರಗು ಸರಿಮಾಡಿಕೊಂಡರು. "ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿ" ಎಂದರು.

ಮರಿ ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ನಾನು, ನನ್ನ ಹೆಂಡತಿ ಅತ್ತೆಯನ್ನು ಕರೆದುಕೊಂಡು ಹೋದೆವು. ಅಂದು ಸಹಾಯಕಿಯೂ ಅಲ್ಲಿದ್ದಳು. ಪುಟ್ಟಿ ಬಾಗಿಲು ತೆಗೆದು, "ಬನ್ನಿ, ಕೂತ್ಕೊಳ್ಳಿ" ಎಂದಳು. ಅತ್ತೆ ಮಗಳ ಮನೆಯಲ್ಲಿ ನೆಂಟರ ಹಾಗೆ ಸೋಫಾದ ತುದಿಯಲ್ಲಿ ಕೂತರು. ಮರಿ ಸ್ಟ್ಯಾಂಡು ತಳ್ಳಿಕೊಂಡು ಬಂದು ಅವರ ಪಕ್ಕ ಜಾಗ ಹಿಡಿದು, ಸೀರೆಯ ಅಂಚನ್ನು ಮುಟ್ಟಿ ಮುಟ್ಟಿ ನೋಡಿದಳು. ಪುಟ್ಟಿ ಚಹಾ ಮಾಡಲು ಹೋದಳು. ಒಳಗೆ ಲೋಟ ಬಿದ್ದ ಸದ್ದು. ಅತ್ತೆ ಎದ್ದೇಬಿಟ್ಟರು. ಸಹಾಯಕಿ ಅವರ ಕಡೆ ನೋಡಿ ಮುಗುಳ್ನಕ್ಕಳು. ಅತ್ತೆ ನಿಂತಲ್ಲೇ ನಿಂತರು. ಎಷ್ಟು ಕಷ್ಟವಾಯಿತೋ, ಮೆಲ್ಲಗೆ ಮತ್ತೆ ಕೂತರು.

ಚಹಾ ಬಂತು. ಸಕ್ಕರೆ ತುಸು ಹೆಚ್ಚು. ಅತ್ತೆ ತಳದವರೆಗೂ ಕುಡಿದರು. ಮನೆಯೆಲ್ಲ ಕಣ್ಣಾಡಿಸಿ ಸಹಾಯಕಿಯನ್ನು ಕೇಳಿದರು: "ಇಲ್ಲಿ ನನಗೂ ಒಂದು ರೂಮು ಸಿಗುತ್ತೇನಮ್ಮ?" ಎಲ್ಲರೂ ನಕ್ಕೆವು. ಅವರು ಅರ್ಧ ಮಾತ್ರ ತಮಾಷೆಗೆ ಕೇಳಿದ್ದರು.

ಮಾತು ಎಲ್ಲೆಲ್ಲಿಗೋ ಹೋಯಿತು. ನಾನು ಯಾವುದೋ ಗಿರಾಕಿಯ ಕಥೆ ಹೇಳುತ್ತಿದ್ದೆ. ನಡುವೆ ಪುಟ್ಟಿ ತುಟಿಯ ಮೇಲೆ ಬೆರಳಿಟ್ಟು, "ಭಾವ, ಮೆಲ್ಲಗೆ" ಎಂದಳು. ತಿರುಗಿ ನೋಡಿದರೆ ಅತ್ತೆ ಸೋಫಾಕ್ಕೆ ಒರಗಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಯಲ್ಲಿದ್ದರು. ಮರಿಯ ಕೈ ಅವರ ಮಡಿಲಲ್ಲಿತ್ತು.

"ಅಮ್ಮ ಹಗಲು ಹೊತ್ತು ಮಲಗಿದ್ದನ್ನ ನಾನು ನೋಡೇ ಇಲ್ಲ" ಎಂದು ನನ್ನ ಹೆಂಡತಿ ಪಿಸುಗುಟ್ಟಿದಳು.

ಪುಟ್ಟಿ ಒಳಗಿಂದ ಹೊದಿಕೆ ತಂದು ಅಮ್ಮನ ಕಾಲಿಗೆ ಹೊದಿಸಿದಳು. ಹೊರಗೆ ಬಸ್ಸುಗಳು ಬಂದು ನಿಲ್ಲುತ್ತಿದ್ದವು, ಹೋಗುತ್ತಿದ್ದವು. ನಾವು ಐದು ಜನ, ಅವರು ತಾವಾಗಿ ಏಳುವ ತನಕ, ಉಸಿರೂ ಸದ್ದಾಗದಂತೆ ಕೂತಿದ್ದೆವು.