ಚಿಕ್ಕಮ್ಮನ ರವಿಕೆಯ ಒಳಜೇಬು

ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಒಂದೇ ಕಥೆ: ಕಲ್ಯಾಣದುರ್ಗದ ಚಿಕ್ಕಮ್ಮ ಎದೆಗೆ ಸಲೈನ್ ಇಂಪ್ಲಾಂಟ್ ಇಡಿಸಿಕೊಳ್ಳಲು ಒಪ್ಪಿಯೇ ಇದ್ದಳಂತೆ, ಹಿಂದೂಪುರದಿಂದ ಬಂದ ನಾನು ಅರ್ಧ ಗಂಟೆ ಭಾಷಣ ಬಿಗಿದು ಅವಳ ಮನಸ್ಸು ಕೆಡಿಸಿದೆನಂತೆ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ಕಪ್ ಹೊತ್ತು ತಂದವಳಾಗಿ ಈ ಕಥೆಗೆ ನನ್ನದು ಎರಡೇ ಆಕ್ಷೇಪ. ಚಿಕ್ಕಮ್ಮ ಒಪ್ಪಿದ್ದಳು ಎಂಬುದಕ್ಕೆ ಸಾಕ್ಷಿಯಿಲ್ಲ. ಬೇಡವೆಂದಳು ಎಂಬುದಕ್ಕೂ ಇಲ್ಲ. ಭಾಷಣ ಮಾತ್ರ ನಿಜ.

ತೀರ್ಪು ನೀವೇ ಹೇಳುವಿರಂತೆ, ಮೊದಲು ರಾಗಿಯ ವಿಚಾರ ಕೇಳಿ. ಚಿಕ್ಕಮ್ಮ ಬಸ್ ಸ್ಟ್ಯಾಂಡಿನ ಹಿಂದೆ ರವಿಕೆ ಹೊಲಿಯುವ ಟೈಲರು. ಮೂರು ವರ್ಷದ ಹಿಂದೆ ಕ್ಯಾನ್ಸರ್ ಬಂದು ಎಡಸ್ತನ ತೆಗೆಸಬೇಕಾಯಿತು. ಕಾಯಿಲೆ ವಾಸಿಯಾಯಿತು, ಅಳತೆ ಕೆಟ್ಟಿತು. ಊರ ಹೆಂಗಸರ ಅಳತೆಯನ್ನೆಲ್ಲ ಸರಿದೂಗಿಸುವವಳು ತನ್ನದಕ್ಕೆ ಹೆದರುತ್ತಾಳೆಯೇ? ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಅಂಗೈಯಗಲದ ಚೀಲ ಹೊಲಿದು, ಹದವಾಗಿ ರಾಗಿ ತುಂಬಿ, ಅದು ಕೂರಲೆಂದು ತನ್ನ ಪ್ರತಿ ರವಿಕೆಗೂ ಒಂದು ಒಳಜೇಬು ಇಟ್ಟಳು. ರಾಗಿಗೆ ತೂಕವಿದೆ, ಮೈ ಬಾಗಿದತ್ತ ಬಾಗುವ ಸೌಜನ್ಯವಿದೆ. ದೋಷಗಳೂ ಇವೆ. ಒಮ್ಮೆ ಚೀಲ ತೆಗೆಯಲು ಮರೆತು ರವಿಕೆಯನ್ನು ನೆನೆಹಾಕಿ, ಹಿಂಡಿ, ನೆರಳಿನಲ್ಲಿ ಹರವಿದಳು. ಎರಡು ದಿನಕ್ಕೆ ರಾಗಿ ಮೊಳಕೆಯೊಡೆಯಿತು. "ಚೆಲ್ಬ್ಯಾಡ ಕಣಮ್ಮ, ಒಣಗ್ಸಿ ಬೀಸಿದ್ರೆ ಮಾಲ್ಟಾಯ್ತದೆ," ಎಂದಳು ಅಜ್ಜಿ. ಇನ್ನೊಮ್ಮೆ ಚೀಲದ ಮೂಲೆ ಬಿಚ್ಚಿ, ಮನೆಯಿಂದ ಅಂಗಡಿಯವರೆಗೂ ಉದುರಿಸಿಕೊಂಡು ನಡೆದಳು. ತಿರುಗಿ ನೋಡಿದರೆ ಬೀದಿಯ ಕೋಳಿಗಳೆಲ್ಲ ಸಾಲಾಗಿ ಹಿಂದೆ ಬರುತ್ತಿದ್ದವು.

ಹೀಗಿರುವಾಗ ಹಿಂದೂಪುರಕ್ಕೆ ತಿಂಗಳಿಗೊಮ್ಮೆ ಬರುವ ಡಾಕ್ಟರೊಬ್ಬರು, ಸುಸ್ತಾದವರ ಕೈಗೆ ಏರಿಸುವ ಸಲೈನನ್ನೇ ತುಂಬಿದ ಚೀಲವನ್ನು ಎದೆಯೊಳಗೆ ಇಡಬಹುದು ಎಂದರು. ಮುಂದಿನ ಸಲ ಬರುವ ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಚಿಕ್ಕಮ್ಮನ ಜೊತೆ ಹೋಗಿದ್ದವಳೂ, ಎಲ್ಲವನ್ನೂ ಬರೆದುಕೊಂಡವಳೂ ನಾನು. ಹಾಗಾಗಿ ಅದಕ್ಕೆ ಎಂಟು ದಿನ ಮುಂಚಿನ ಭಾನುವಾರ ಕಲ್ಯಾಣದುರ್ಗದ ಪಡಸಾಲೆಯಲ್ಲಿ ಮನೆಯವರ ಮುಂದೆ ಪರ-ವಿರೋಧ ಎರಡನ್ನೂ ಮಂಡಿಸುವ ಹೊಣೆ ನನ್ನ ಮೇಲೆ ಬಿತ್ತು. ಬಿತ್ತು ಎನ್ನುವುದು ವಿನಯ. ನಾನೇ ಹಾರಿ ಹಿಡಿದೆ.

ಮೊದಲು ಪರ. ಸಿಲಿಕೋನಿನ ಖಾಲಿ ಹೊದಿಕೆಯನ್ನು ಒಳಗಿಟ್ಟು ಆಮೇಲೆ ನೀರು ತುಂಬುವುದರಿಂದ ಕೊಯ್ತ ಚಿಕ್ಕದು, ಇನ್ನೊಂದು ಬದಿಗೆ ಹೊಂದುವಷ್ಟು ತುಂಬಿ ನಿಲ್ಲಿಸಬಹುದು. ಒಳಗೆ ಸಿಲಿಕೋನ್ ಜೆಲ್ಲೇ ತುಂಬಿದ ಇನ್ನೊಂದು ಬಗೆ ಒಡೆದರೆ ಸದ್ದಿಲ್ಲದೆ ಕೂತಿರುತ್ತದೆ, ಸ್ಕ್ಯಾನ್ ಮಾಡಿಸಿ ಪತ್ತೆ ಹಚ್ಚಬೇಕು. ಸಲೈನಿನದು ಒಡೆದರೆ ಚಪ್ಪಟೆಯಾಗಿ ತಾನೇ ಒಪ್ಪಿಕೊಳ್ಳುತ್ತದೆ, ನೀರನ್ನು ಮೈ ಹೀರಿಕೊಳ್ಳುತ್ತದೆ. "ರಾಗಿ ಸೋರಿದರೆ ಕೋಳಿಗಾದರೂ ಲಾಭ, ಇದು ಸೋರಿದರೆ ಕೋಳಿಗೂ ಸುದ್ದಿ ಗೊತ್ತಾಗಲ್ಲ," ಎಂದು ಮುಗಿಸಿದೆ. ಚಪ್ಪಾಳೆ ಬರಲಿಲ್ಲ. ಅಜ್ಜಿ ಬಂದಳು.

"ಏಮೇ, ಇವ್ಳಿಗೆ ಬೀಪಿ ಐತೆ, ಉಪ್ಪು ಕಮ್ಮಿ ಮಾಡು ಅಂತ ಡಾಕ್ಟ್ರೇ ಹೇಳವ್ರೆ. ಈಗ ಎದೇಲೇ ಉಪ್ಪುನೀರು ಮಡಗ್ತಾರಾ? ನಮ್ಮ ಬೋರಿನ ಉಪ್ಪುನೀರಲ್ಲಿ ಬ್ಯಾಳೆ ಬೇಯಾಕಿಲ್ಲ ಅಂತ ಕ್ಯಾನ್ ನೀರು ತರುಸ್ತೀವಿ!"

"ಅಜ್ಜೀ, ಅಲ್ಲಿ ಬ್ಯಾಳೆ ಬೇಯ್ಸೋದಿಲ್ಲ."

"ಬೇಯ್ಸಲ್ಲ ಸರಿ. ಅದ್ಯಾಕೆ ಬೇಕು ಅಂತ ಹೇಳು."

ಹಿಂದೂಪುರದ ಯಾವ ತೀರ್ಪುಗಾರರೂ ನನಗೆ ಇಷ್ಟು ನೇರವಾದ ಪ್ರಶ್ನೆ ಹಾಕಿರಲಿಲ್ಲ. ನಾನು ಸೀದಾ ವಿರೋಧಕ್ಕೆ ಹಾರಿದೆ. ತೆಳು ಚರ್ಮದಡಿಯಲ್ಲಿ ಚೀಲದ ಸುಕ್ಕು ಮೇಲಕ್ಕೆ ಕಾಣಬಹುದು. ಮುಟ್ಟಿದರೆ ಮಾಂಸವಲ್ಲ, ನೀರು ಎಂದು ತಿಳಿಯಬಹುದು. ಸುತ್ತ ಗಾಯದ ಪೊರೆ ಬೆಳೆದು ಬಿಗಿಯಬಹುದು. ಜನ್ಮವಿಡೀ ಬಾಳುತ್ತದೆಂಬ ಭರವಸೆಯಿಲ್ಲ, ಸೋರಿದರೆ ಮತ್ತೆ ಆಪರೇಷನ್. ಅಷ್ಟರಲ್ಲಿ ಊಟದ ಹೊತ್ತಾಗಿ ಉಪಸಂಹಾರ ಉಳಿಯಿತು. ಚರ್ಚೆಯ ಗೀಳಿದ್ದವರಿಗೆ ಗೊತ್ತು, ಕೊನೆಗೆ ಆಡಿದ್ದೇ ಕೇಳುಗರ ಕಿವಿಯಲ್ಲಿ ನಿಲ್ಲುವುದು. "ಹಂಗಾದ್ರೆ ಬ್ಯಾಡ ಅಂತ ಆಯ್ತು," ಎಂದು ನಮ್ಮಮ್ಮ ತಂಗಿಯ ಪರವಾಗಿ ತಾನೇ ತೀರ್ಮಾನಿಸಿ, ಎದ್ದು ಎಲೆ ಹಾಕಿದಳು. ಮನೆಯವರ ಕಥೆ ಹುಟ್ಟಿದ್ದು ಅಲ್ಲಿ, ಅನ್ನಕ್ಕೆ ಸಾರು ಬೀಳುವುದರೊಳಗೆ.

ಇಷ್ಟೂ ಹೊತ್ತು ಪಡಸಾಲೆಯ ಮೂಲೆಯಲ್ಲಿ ಮನೆಯ ಹೊಲಿಗೆ ಮೆಷಿನ್ನು ತುಳಿಯುತ್ತಿದ್ದ ಚಿಕ್ಕಮ್ಮ ಆಡಿದ್ದು ಒಂದೇ ಮಾತು: "ಎಲ್ಡು ಕಡೇನೂ ನೀನೇ ಮಾತಾಡ್ಬುಟ್ಟೆ ಕಣಮ್ಮ. ಏಳು, ಉಣ್ಣು." ಮೆಚ್ಚುಗೆ ಎಂದುಕೊಂಡು ಎರಡು ಸಲ ಬಡಿಸಿಕೊಂಡೆ. ಹಿಂದೂಪುರಕ್ಕೆ ಹಿಂತಿರುಗುವ ಸಂಜೆಯ ಬಸ್ಸು ಕಂಬದೂರು ದಾಟಿದ ಮೇಲೆ ಅದು ಮೆಚ್ಚುಗೆಯಲ್ಲ, ದೂರು ಎಂದು ಹೊಳೆಯಿತು. ಅಂಗಡಿಯ ಗೋಡೆಯ ಉದ್ದ ಕನ್ನಡಿಯಲ್ಲಿ ಗಿರಾಕಿಗಳನ್ನು ನೇರ ನಿಲ್ಲಿಸಿ ನೋಡುವವಳು, ಮೂರು ವರ್ಷದಿಂದ ತಾನು ಮಾತ್ರ ಬಲಮಗ್ಗುಲನ್ನಷ್ಟೇ ಅದಕ್ಕೆ ತೋರಿಸಿ ಹಾಯುತ್ತಾಳೆ. ನನ್ನ ನಾಲ್ಕು ಪುಟದ ಟಿಪ್ಪಣಿಯಲ್ಲಿ ಚರ್ಮವಿತ್ತು, ನೀರಿತ್ತು, ಕೋಳಿಯೂ ಇತ್ತು, ಕನ್ನಡಿ ಇರಲಿಲ್ಲ.

ನಾಳೆ ಸೋಮವಾರ. ಅವಳನ್ನು ಕರೆದೊಯ್ಯಲು ಇವತ್ತೇ ಬಂದಿದ್ದೇನೆ. ಚಿಕ್ಕಮ್ಮ ಬರುವ ಯುಗಾದಿಗೆ ತನಗೊಂದು ರೇಷ್ಮೆ ರವಿಕೆ ಹೊಲಿಯುತ್ತಿದ್ದಾಳೆ. ಕತ್ತರಿಸಿದ ಬಟ್ಟೆ ಗಾಳಿಗೆ ಹಾರದಂತೆ ಅದರ ಮೇಲೆ ಭಾರಕ್ಕಿಟ್ಟಿರುವುದು ಆ ರಾಗಿಯ ಚೀಲ. ಹೊಲಿದ ಭಾಗವನ್ನು ಒಳಹೊರಗು ಮಾಡಿ ತಡವಿ ನೋಡಿದೆ. ಜೇಬಿಲ್ಲ. ಜೇಬು ಬೇಡದ ಒಂದು ಎದೆ ಬರಲಿದೆ ಎಂದು ನಾನು ವಾದಿಸಬಲ್ಲೆ. ಇನ್ನು ಇದ್ದ ಹಾಗೇ ಇರುತ್ತೇನೆ, ಯಾವ ಚೀಲವೂ ಬೇಡ ಎಂದುಕೊಂಡಿದ್ದಾಳೆ ಎಂದೂ ಅಷ್ಟೇ ಚೆನ್ನಾಗಿ ವಾದಿಸಬಲ್ಲೆ. ಜೀವಮಾನದಲ್ಲಿ ಮೊದಲ ಸಲ ಎರಡನ್ನೂ ನುಂಗಿಕೊಂಡೆ. ಅವಳ ತುಟಿಗಳ ನಡುವೆ ಐದಾರು ಗುಂಡುಪಿನ್ನು. ಕಣ್ಣು ಸೂಜಿಯ ಮೇಲೆ.

"ಚಿಕ್ಕಮ್ಮಾ, ಇದಕ್ಕೆ ಜೇಬು ಯಾಕೆ ಇಕ್ಕಿಲ್ಲ?"