ದೋಂಕಾಳ ಮೂಗು, ಸ್ತಾಮೆನಾಳ ತಲೆನೋವು

ಅರೆತಲೆನೋವು ಬಿಟ್ಟುಹೋಯಿತಲ್ಲ ಎಂದು ಹಲುಬುವವರು ಈ ಭೂಮಿಯ ಮೇಲೆ ಎಷ್ಟು ಜನ ಇದ್ದಾರೋ ಕಾಣೆ. ಗೋರ್ನೊ ಪೋಲೆ ಎಂಬ ಗುಲಾಬಿ ಬೆಳೆಯುವ ಹಳ್ಳಿಯಲ್ಲಂತೂ ಒಬ್ಬಳಿದ್ದಾಳೆ. ದೋಂಕಾಗೆ ಈಗ ಎಪ್ಪತ್ತೊಂದು. ನೋವು ಅವಳ ಸಹವಾಸ ಬಿಟ್ಟು ಹನ್ನೆರಡು ವರ್ಷವಾಯಿತು. ಆದರೂ ಮೇ ಕೊನೆಗೆ ಗುಲಾಬಿ ಹೊಲಗಳು ಅರಳಿ, ನಸುಕಿನಲ್ಲೇ ಹೂ ಬಿಡಿಸುವ ಹೆಂಗಸರ ಹರಟೆ ರಸ್ತೆಯಲ್ಲಿ ಕೇಳಿಸಿತೆಂದರೆ ಅವಳು ಹಾಸಿಗೆಯಲ್ಲಿ ಎದ್ದು ಕೂತು ಕಾಯುತ್ತಾಳೆ. ಏನೂ ಬರುವುದಿಲ್ಲ. ಬಾರದಿದ್ದುದಕ್ಕೆ ಒಂಥರಾ ಬೇಜಾರು. ಯಾರಿಗಾದರೂ ಹೇಳಿದರೆ ಮುದುಕಿಗೆ ತಲೆ ಕೆಟ್ಟಿದೆ ಅನ್ನುತ್ತಾರೆಂದು ಸುಮ್ಮನಿರುತ್ತಾಳೆ.

ಅವಳಿಗೆ ಬೇಕಾದದ್ದು ತಲೆನೋವಲ್ಲ, ಪಾಪ. ಅದನ್ನು ಅವಳ ಜೊತೆ ಹಂಚಿಕೊಂಡಿದ್ದ ಅಮ್ಮ ಸ್ತಾಮೆನಾ.

ಆ ಊರಿನ ಬಟ್ಟಿಮನೆಗೆ ಮೂವತ್ತು ವರ್ಷ ಸ್ತಾಮೆನಾಳೇ ಮೂಗು. ಹಂಡೆಗಳಿಂದ ಇಳಿದುಬರುವ ಗುಲಾಬಿ ನೀರನ್ನು ಮೂಸಿ, ಬೆಂಕಿ ಹೆಚ್ಚಾಯಿತು, ಹೂವು ತಳ ಹಿಡಿಯುತ್ತಿದೆ, ಇನ್ನು ಸಾಕು, ಎಂದು ಹೇಳುವ ಕೆಲಸ. ಆಮೇಲೆ ಎಣ್ಣೆ ತೆಗೆದಾಗ ಕಾಗದದ ಪಟ್ಟಿಯ ತುದಿಗೆ ಒಂದು ಹನಿ ಮುಟ್ಟಿಸಿ, ಗಾಳಿಯಲ್ಲಿ ಎರಡು ಸಲ ಬೀಸಿ, ಮೂಗಿನ ಹತ್ತಿರ ತರುವುದು. ಸೀಸೆಯನ್ನು ನೇರವಾಗಿ ಮೂಗಿಗೆ ಹಿಡಿದರೆ ಅವಳು ಕೈಮೇಲೇ ಹೊಡೆಯುತ್ತಿದ್ದಳು. ಮೊದಲು ಕಾಗದ, ಆಮೇಲೆ ಮೂಗು. ಮಗಳಿಗೆ ಅಕ್ಷರಕ್ಕಿಂತ ಮುಂಚೆ ಕಲಿಸಿದ್ದು ಅದನ್ನೇ.

ಮೂಗಿನ ಜೊತೆ ತಲೆನೋವನ್ನೂ ದಾನ ಮಾಡಿದಳು. ಹೂವಿನ ಮೂರು ವಾರ ಹೊಲದಿಂದ ಬಟ್ಟಿಮನೆಯವರೆಗೆ ಆ ವಾಸನೆ, ನಿದ್ದೆಗೇಡು, ತಲೆಮೇಲೆ ಬಿಸಿಲು. ಇಬ್ಬರಿಗೂ ವರ್ಷದ ಕೆಟ್ಟ ನೋವೆಲ್ಲ ಆಗಲೇ ಬರಬೇಕು. ಸ್ತಾಮೆನಾ ಹಸಿ ಆಲೂಗಡ್ಡೆ ಹೆಚ್ಚಿ ಹಣೆಗಿಟ್ಟು, ಮೇಲೆ ಬಟ್ಟೆ ಬಿಗಿದು ಕೆಲಸಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನಕ್ಕೆ ಹೋಳುಗಳು ಬಾಡಿ ಕಪ್ಪಾಗಿರುತ್ತಿದ್ದವು. ಅವನ್ನು ಕಿತ್ತೆಸೆದು, ವಾಂತಿ ಮಾಡಿ, ಬಾಯಿ ತೊಳೆದು, ಮತ್ತೆ ಹಂಡೆಯ ಮುಂದೆ.

ಅಮ್ಮನ ಜಾಗಕ್ಕೆ ದೋಂಕಾ ಬಂದಳು. ನಲವತ್ತೇಳು ದಾಟುವ ಹೊತ್ತಿಗೆ ಅವಳ ನೋವು ಅಮ್ಮನದನ್ನೂ ಮೀರಿಸಿತ್ತು. ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಬಟ್ಟಿಮನೆಯ ಯಜಮಾನ ಮಿಂಚೊ ಒಳ್ಳೆಯವನೇ, ನಾಲಗೆಗೆ ಮಾತ್ರ ಬೀಗವಿಲ್ಲ.

"ದೋಂಕಕ್ಕ, ನಿನ್ನ ಮೂಗು ನಮಗೆ ಬೇಕು, ತಲೆ ಬೇಡ. ತಲೆ ಮನೇಲಿಟ್ಟು ಬಾ," ಅಂದ ಒಂದು ದಿನ.

"ನಿನ್ನ ಹಾಗಾ?" ಅಂದಳು ದೋಂಕಾ. ಹಾಗೆಂದವಳೇ ಹೊರಗೆ ಓಡಿ, ಬೇಲಿ ಹಿಡಿದು ವಾಂತಿ ಮಾಡಿದಳು. ಮಿಂಚೊನೇ ಗಾಡಿಯಲ್ಲಿ ಕೂರಿಸಿ ಪಟ್ಟಣದ ಡಾಕ್ಟರ್ ಇಲಿನೋವಾ ಹತ್ತಿರ ಕರೆದೊಯ್ದ.

ಡಾಕ್ಟರು ಗಡಿಬಿಡಿಯ ಹೆಂಗಸಲ್ಲ. ಬಿಪಿ ನೋಡಿದರು, ಎದೆಗೆ ತಂತಿ ಅಂಟಿಸಿ ಪಟ್ಟಿ ತೆಗೆದರು, ಮನೆಯಲ್ಲಿ ಬೇರೆ ಯಾವ ಮಾತ್ರೆ ನುಂಗುತ್ತೀರಿ ಎಂದು ಒಂದೊಂದನ್ನೂ ಕೇಳಿದರು. ತಲೆನೋವಿಗೆಂದು ಅಮ್ಮನ ಕಾಲದಿಂದ ಕಪಾಟಿನಲ್ಲಿದ್ದ ಹಳೇ ಮಾತ್ರೆಯ ಹೆಸರು ಕೇಳಿ, ಅದನ್ನು ಇದರ ಜೊತೆ ಖಂಡಿತ ತೆಗೆದುಕೊಳ್ಳಕೂಡದು, ಎಸೆದುಬಿಡಿ ಎಂದರು. ಆಮೇಲೆ ಚೀಟಿ ಬರೆದರು. ಮೂಗಿಗೆ ಹೊಡೆಯುವ ಸ್ಪ್ರೇ.

ದೋಂಕಾ ಕುರ್ಚಿಯಿಂದ ಅರ್ಧ ಎದ್ದಳು. "ಮೂಗಿಗಾ? ಡಾಕ್ಟ್ರಮ್ಮ, ನಾನು ಅನ್ನ ತಿನ್ನೋದೇ ಈ ಮೂಗಿಂದ. ಬೇರೆ ಎಲ್ಲಿಗಾದ್ರೂ ಕೊಡಿ."

"ಬೇರೆ ಕಡೆ ಕೊಟ್ರೆ ವಾಂತಿ ಮಾಡ್ತೀರಲ್ಲ. ಗಂಟಲಲ್ಲಿ ಕಹಿ ಆಗತ್ತೆ, ಮೂಗು ಒಂಚೂರು ಉರೀಬಹುದು, ಅಷ್ಟೇ. ಅದು ಹೊಡ್ಕೊಂಡ ದಿನ ಸ್ವಲ್ಪ ಹೊತ್ತು ಮಲಗಿ. ಬೆಂಕಿ ಹತ್ರ ನಿಲ್ಬೇಡಿ, ಗಾಡಿ ಓಡಿಸ್ಬೇಡಿ, ಮಂಪರು ಬರಬಹುದು." ಹೇಗೆ ಹಿಡಿಯಬೇಕೆಂದೂ ತೋರಿಸಿದರು: ಮೂಗು ಸೀಟಿಕೊಂಡು, ತಲೆ ನೆಟ್ಟಗೆ, ಒಂದು ಹೊಳ್ಳೆ ಮುಚ್ಚಿ, ಇನ್ನೊಂದರಲ್ಲಿ ಒಂದೇ ಸಲ.

ಡಬ್ಬಿಯಲ್ಲಿ ಎರಡು ಪುಟಾಣಿ ಸ್ಪ್ರೇ. ಮುಂದಿನ ನೋವು ಬಂದದ್ದೇ ದೋಂಕಾ ಒಂದನ್ನು ತೆಗೆದು, ಅಭ್ಯಾಸಬಲದಿಂದ, ಕಾಗದದ ಪಟ್ಟಿಗೆ ಒತ್ತಿದಳು. ಗಾಳಿಯಲ್ಲಿ ಬೀಸಿ ಮೂಸಿದಳು. ಕೆಟ್ಟ ಮಾಲೇನಲ್ಲ ಅನಿಸಿತು. ಆಮೇಲೆ ಮೂಗಿಗಿಟ್ಟು ಒತ್ತಿದಳು. ತಲೆನೋವು ಕದಲಲಿಲ್ಲ. ಎರಡು ಗಂಟೆ ಕಾದು ಎರಡನೆಯದನ್ನೂ ಹಾಗೇ ಕಾಗದಕ್ಕೆ ತೋರಿಸಿ ಮೂಗಿಗೆ ಹಿಡಿದಳು. ಊಹೂಂ. ಮಾರನೇ ದಿನ ಪಟ್ಟಣಕ್ಕೆ ಹೋಗಿ ಡಾಕ್ಟರ ಮೇಜಿನ ಮೇಲೆ ಖಾಲಿ ಡಬ್ಬಿ ಕುಕ್ಕಿದಳು.

"ಬರೀ ನೀರು ಇದು. ಮೂವತ್ತು ವರ್ಷದಿಂದ ಮೂಸ್ತಿದ್ದೀನಿ, ನನಗೆ ಮೋಸ ಮಾಡಕ್ಕಾಗಲ್ಲ."

"ಹೇಗೆ ತಗೊಂಡ್ರಿ, ತೋರ್ಸಿ ನೋಡೋಣ," ಅಂದರು ಡಾಕ್ಟರು.

ದೋಂಕಾ ಚೀಲದಿಂದ ಕಾಗದದ ಪಟ್ಟಿ ತೆಗೆದದ್ದೇ ತಡ, ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಅಮ್ಮಾ ತಾಯಿ, ಒಂದೊಂದರಲ್ಲೂ ಇರೋದೇ ಒಂದು ಸಲದ್ದು. ಎರಡು ಸಲವೂ ನೀವು ಕಾಗದದ ತಲೆನೋವು ವಾಸಿ ಮಾಡಿದ್ದೀರಿ."

ಈ ಮಾತು ದೋಂಕಾಗಿಂತ ಮುಂಚೆ ಊರು ಸೇರಿತು. ಮಿಂಚೊ ಒಂದು ವಾರ ಕಾಗದದ ಪಟ್ಟಿಗಳ ಆರೋಗ್ಯ ವಿಚಾರಿಸಿದ. ಸ್ತಾಮೆನಾ ಮಾತ್ರ ನಗಲಿಲ್ಲ. "ನನ್ನ ಮಗಳು ಸರಿಯಾಗೇ ಮಾಡಿದಾಳೆ. ಔಷಧಿ ಮಾಡೋರಿಗೆ ಬುದ್ಧಿ ಇಲ್ಲ," ಅಂದಳು.

ಆದರೆ ಹೊಸ ಡಬ್ಬಿಯಿಂದ, ಡಾಕ್ಟರು ಹೇಳಿದಂತೆ, ದೋಂಕಾ ಹೊಡೆದುಕೊಂಡ ದಿನ! ಗಂಟಲಿಗೆ ಬೇವಿನಂಥ ಕಹಿ ಇಳಿಯಿತು. ಮುಕ್ಕಾಲು ಗಂಟೆಯಲ್ಲಿ ಎಡಗಣ್ಣಿನ ಹಿಂದಿನ ಸುತ್ತಿಗೆ ನಿಧಾನವಾಯಿತು, ಒಂದೂವರೆ ಗಂಟೆಗೆ ನಿಂತೇಹೋಯಿತು. ಎದ್ದು ಅಂಗಳಕ್ಕೆ ಬಂದು ಬಿಸಿಲಲ್ಲಿ ನಿಂತು ಅತ್ತಳು. ಸಂತೋಷಕ್ಕೇ ಅತ್ತದ್ದು. ಆ ವರ್ಷದ ಸುಗ್ಗಿಯನ್ನು ಅವಳು ಕಣ್ಣು ತೆರೆದು ನೋಡಿದಳು. ಮಂಜು ಕೂತ ಮೊಗ್ಗು, ಹೂವಿನ ಮೂಟೆಗಳ ಮೇಲೆ ಮಲಗಿದ ಬೆಕ್ಕು, ಕೊನೆಯ ದಿನದ ಕುಣಿತ. ಮೂವತ್ತು ಸುಗ್ಗಿ ಕಳೆದರೂ ಕಾಣದಿದ್ದದ್ದು.

ಸ್ತಾಮೆನಾ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡಿದಳು. ಆಗ ಅವಳಿಗೆ ಎಪ್ಪತ್ತನಾಲ್ಕು. ಮೂಗು ಮಂಕಾಗಿತ್ತು, ತಲೆನೋವು ಮಾತ್ರ ಹರೆಯದಲ್ಲೇ ಇತ್ತು. ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಬದುಕಿದ್ದೇ ಹೆಚ್ಚು.

"ನನಗೂ ಒಂದು ಕೊಡೇ," ಅಂದಳು ಒಂದು ದಿನ, ಚೀಸ್ ತುಂಬಿ ಸುಟ್ಟ ಬಾನಿತ್ಸಾ ಮುರಿಯುತ್ತ, ಏನೋ ಸಕ್ಕರೆ ಕೇಳಿದ ಹಾಗೆ.

ದೋಂಕಾಗೆ ಕೊಡಬೇಕೆಂದೇ ಇತ್ತು. ಅಮ್ಮನ ಹಣೆಯ ಮೇಲೆ ಆ ಕರಿ ಹೋಳುಗಳಿಲ್ಲದ ಒಂದೇ ಒಂದು ಮೇ ತಿಂಗಳು ನೋಡಬೇಕೆಂಬಷ್ಟು ಆಸೆ ಅವಳಿಗೆ ಬೇರೆ ಯಾವುದಕ್ಕೂ ಇರಲಿಲ್ಲ. ಮರುದಿನವೇ ಅಮ್ಮನನ್ನು ಪಟ್ಟಣಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ಆಸ್ಪತ್ರೆಯ ಕಾಗದಗಳನ್ನೆಲ್ಲ ನೋಡಿ ಬೇಡವೆಂದರು.

"ಅಜ್ಜಿ, ಇದು ರಕ್ತನಾಳ ಬಿಗಿ ಮಾಡತ್ತೆ. ತಲೇದು ಮಾತ್ರ ಅಲ್ಲ, ಎದೇದೂ. ನಿಮ್ಮ ಹೃದಯಕ್ಕೆ ಅದು ತಡೆಯಲ್ಲ. ನಿಮಗೆ ಬೇರೆ ಏನಾದ್ರೂ ನೋಡೋಣ." ದೋಂಕಾಳ ಕಡೆ ತಿರುಗಿ, "ಒಂದು ಸಲ ಅಂತ ಕೂಡ ಕೊಡಬೇಡಿ. ನಿಮ್ಮ ಹೆಸರಿಗೆ ಬರೆದದ್ದು ನಿಮಗೆ ಮಾತ್ರ," ಅಂದರು.

ಬೇರೆ ಏನೋ ಕೊಟ್ಟರು, ಅರ್ಧಂಬರ್ಧ ಹಿಡಿಸಿತು. ಮನೆ ಸೇರಿ ಬೂಟು ಬಿಚ್ಚುವಾಗ ಸ್ತಾಮೆನಾ, "ಹಳೇ ಹಂಡೆಗೆ ಕಲಾಯಿ ದಂಡ ಅಂತಾನೇ ಹೇಳ್ಲಿ. ಹೃದಯವಂತೆ, ನಾಳವಂತೆ," ಎಂದು ಗೊಣಗಿದಳು. ಅವತ್ತಿನಿಂದ ದೋಂಕಾ ಸ್ಪ್ರೇಯನ್ನು ಮನೆಯಲ್ಲಿಡದೆ ಏಪ್ರನ್ನಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದಳು. ಅಮ್ಮನ ಮುಂದೆ ಹೊಡೆದುಕೊಳ್ಳುವುದಕ್ಕೂ ಅವಳಿಗೆ ನಾಚಿಕೆ. ಹಸಿದವರ ಮುಂದೆ ಉಂಡಂತಾಗುತ್ತಿತ್ತು.

ಅದರ ಮರುವರ್ಷ, ಸುಗ್ಗಿಯ ಕೊನೇ ವಾರ. ಬೆಳಿಗ್ಗೆಯಿಂದಲೇ ಸ್ತಾಮೆನಾಗೆ ನೋವು ಹತ್ತಿತ್ತು. ಈ ಸಲದ್ದು ಕೆಟ್ಟದ್ದು; ನೀರು ಕೂಡ ನಿಲ್ಲಲಿಲ್ಲ. ದೋಂಕಾ ಅವಳ ಕೋಣೆಗೆ ಪರದೆ ಎಳೆದು, ಪಕ್ಕದಲ್ಲಿ ಬೋಗುಣಿ ಇಟ್ಟು ಬಟ್ಟಿಮನೆಗೆ ಹೋದಳು. ಹತ್ತು ಗಂಟೆಗೆ ಎರಡನೇ ಹಂಡೆಯ ಮುಂದೆ ನಿಂತಿದ್ದಾಗ ಅವಳ ಕಣ್ಣಂಚಿನಲ್ಲೂ ನೋವಿಗೆ ಮುಂಚೆ ಬರುವ ಅಂಕುಡೊಂಕು ಬೆಳಕು ಮಿಣುಕತೊಡಗಿತು. ಜೇಬಿಗೆ ಕೈಹಾಕಿದಳು. ಜೇಬು ಖಾಲಿ.

ಡಬ್ಬಿಯಲ್ಲಿ ಉಳಿದಿದ್ದದ್ದು ಒಂದೇ. ಬೆಳಿಗ್ಗೆ ಏಪ್ರನ್ ಎಲ್ಲಿತ್ತು? ಅಮ್ಮನ ಮಂಚದ ಕಂಬಕ್ಕೆ ನೇತುಹಾಕಿದ್ದಳು.

ಮಿಂಚೊ ಏನೋ ಕೂಗಿದ, ಕೇಳಿಸಿಕೊಳ್ಳಲಿಲ್ಲ. ಹೊಲದ ಸಾಲುಗಳ ನಡುವೆ ಎದ್ದುಬಿದ್ದು ಓಡಿದಳು. ಮುಳ್ಳು ಲಂಗವನ್ನು ಸೀಳಿತು. ನಾನೇಕೆ ಎಚ್ಚರ ತಪ್ಪಿದೆ, ಅಷ್ಟು ನೋಯುವವಳ ಕೈಗೆಟುಕುವಲ್ಲಿ ಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ದೇವರನ್ನೂ ಬೈದಳು. ಅಂಗಳದ ಗೇಟು ತೆಗೆಯುವಾಗ ಕೈಗೆ ಚಿಲಕವೇ ಸಿಗಲಿಲ್ಲ.

ಸ್ತಾಮೆನಾ ಮಂಚದ ಅಂಚಿನಲ್ಲಿ ಕೂತಿದ್ದಳು. ಮುಖ ಸುಣ್ಣದ ಗೋಡೆಯಷ್ಟು ಬೆಳ್ಳಗೆ. ಮುಷ್ಟಿಯಲ್ಲಿ ಸ್ಪ್ರೇ.

"ಹೊಡ್ಕೊಂಡ್ಯಾ? ಅಮ್ಮಾ, ಹೊಡ್ಕೊಂಡ್ಯಾ? ಎದೆ ಬಿಗೀತಿದ್ಯಾ? ಮಾತಾಡು!"

"ಮೆಲ್ಲಗೆ," ಅಂದಳು ಸ್ತಾಮೆನಾ, ಕಣ್ಣು ಮುಚ್ಚಿ. "ತಲೆ ಒಡೀತಿದೆ, ಕಿರುಚ್ಬೇಡ."

ದೋಂಕಾ ಮುಷ್ಟಿ ಬಿಡಿಸಿ ನೋಡಿದಳು. ಗುಂಡಿ ಒತ್ತಿರಲಿಲ್ಲ. ನೆಲದ ಮೇಲೇ ಕೂತುಬಿಟ್ಟಳು.

"ತಗೋಳೋಣ ಅಂತಾನೇ ತೆಗೆದೆ," ಅಂದಳು ಸ್ತಾಮೆನಾ. "ಸುಳ್ಳು ಯಾಕೆ ಹೇಳ್ಲಿ. ಸತ್ರೆ ಸಾಯ್ಲಿ, ಒಂದು ಗಂಟೆ ನೋವಿಲ್ದೆ ಇದ್ದು ಸಾಯೋಣ ಅನ್ಸ್ತು. ಮೂಗಿನ ಹತ್ರಾನೂ ತಂದೆ. ಆಮೇಲೆ ನೋಡ್ತೀನಿ, ಇರೋದು ಒಂದೇ. ಮಧ್ಯಾಹ್ನ ನಿನಗೂ ಬರತ್ತೆ. ಗಾಳಿ ಹಾಗಿದೆ ಇವತ್ತು. ಆಗ ನೀನೇನು ಮಾಡ್ತೀಯ?"

ದೋಂಕಾ ಎಡಗಣ್ಣು ಉಜ್ಜಿಕೊಂಡಳು.

"ಬಂದಾಗಿದೆ ಅಲ್ವಾ?" ಅಮ್ಮ ಒಂದು ಕಣ್ಣು ತೆರೆದು ಅವಳ ಮುಖ ನೋಡಿದಳು. "ಎಡಗಡೆ ರೆಪ್ಪೆ ಇಳಿದಿದೆ. ಏಳು. ಮೂಗು ಸೀಟ್ಕೋ. ತಲೆ ಹಿಂದಕ್ಕೆ ಹಾಕ್ಬೇಡ, ನೆಟ್ಟಗಿಟ್ಕೋ. ಕಾಗದ ಗೀಗದ ಹುಡುಕಿದ್ರೆ ಕೈ ಮುರೀತೀನಿ."

ಡಾಕ್ಟರು ಹೇಳಿದ್ದೆಲ್ಲ ಅವಳಿಗೆ ಬಾಯಿಪಾಠ. ತನಗೆ ಸಲ್ಲದ ಔಷಧಿಯ ಒಂದೊಂದು ವಿಧಿಯನ್ನೂ ಆಸೆಯಿಂದ ಕೇಳಿಸಿಕೊಂಡು ಇಟ್ಟುಕೊಂಡಿದ್ದಳು. ಬೆರಳಿನಿಂದ ಮಗಳ ಒಂದು ಹೊಳ್ಳೆ ತಾನೇ ಮುಚ್ಚಿ ಹಿಡಿದಳು. "ಜೋರಾಗಿ ಎಳೀಬೇಡ. ಮೆತ್ತಗೆ ಉಸಿರು ತಗೋ. ಹಾಂ, ಈಗ." ದೋಂಕಾ ಒತ್ತಿದಳು. ಕಹಿ ಇಳಿಯಿತು. ಜೊತೆಗೆ ಅಳುವೂ ಬಂತು. ಅಳಬೇಡ, ಔಷಧಿಯೆಲ್ಲ ಹೊರಗೆ ಹರಿದುಹೋಗುತ್ತೆ ಎಂದು ಅಮ್ಮ ಗದರಿದಳು.

ಆಮೇಲೆ ಇಬ್ಬರೂ ಆ ಕಿರಿದಾದ ಮಂಚದ ಮೇಲೆ ಪಕ್ಕಪಕ್ಕದಲ್ಲಿ ಮಲಗಿದರು. ಪರದೆಯಾಚೆ ಸುಗ್ಗಿ ತನ್ನ ಪಾಡಿಗೆ ನಡೆಯುತ್ತಿತ್ತು. ಮೂಟೆಗಳ ಗಾಡಿ ಹೋಯಿತು. ಯಾರೋ ನಕ್ಕರು. ಸ್ತಾಮೆನಾ ಎರಡು ಸಲ ಬೋಗುಣಿಗೆ ಬಾಗಿದಳು. ದೋಂಕಾ ಅವಳ ಬೆನ್ನು ಹಿಡಿದಳು. ಮಧ್ಯಾಹ್ನ ಹತ್ತಿರವಾಗುತ್ತಿದ್ದಂತೆ ದೋಂಕಾಳ ಕಣ್ಣಿನ ಹಿಂದಿನ ಬಡಿತ ದೂರ ಸರಿದು, ಸರಿದು, ಇಲ್ಲವಾಯಿತು. ಅಮ್ಮನದು ಇಳಿದಿರಲಿಲ್ಲ. ಇಳಿಯುವುದೂ ಇರಲಿಲ್ಲ, ಸಂಜೆಯವರೆಗೆ.

"ಇಳೀತಾ?" ಸ್ತಾಮೆನಾ ಕೇಳಿದಳು.

ಎದ್ದುಹೋಗಬಹುದಿತ್ತು. ಬಟ್ಟಿಮನೆಯಲ್ಲಿ ಕೆಲಸ ಬಿದ್ದಿತ್ತು, ಮೈ ಹೂವಿನಷ್ಟು ಹಗುರವಾಗಿತ್ತು. ಹೂಂ ಅಂದರೆ ಅಮ್ಮ ತಾನೇ ತಳ್ಳಿ ಕಳಿಸುತ್ತಿದ್ದಳು, ಆಮೇಲೆ ಆ ಕತ್ತಲೆಯಲ್ಲಿ ಒಬ್ಬಳೇ ಉಳಿಯುತ್ತಿದ್ದಳು.

"ಇಲ್ಲಮ್ಮ," ಅಂದಳು ದೋಂಕಾ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. "ಇನ್ನೂ ಇದೆ."

"ಅಯ್ಯೋ ನನ್ನ ಕಂದ, ನಿನಗೂ ಕೈಕೊಡ್ತಾ ಇವತ್ತು." ಸ್ತಾಮೆನಾಳ ಒರಟು ಕೈ ತಡಕಾಡಿ ಬಂದು ಮಗಳ ಹಣೆ ಹುಡುಕಿಕೊಂಡಿತು, ಹುಬ್ಬಿನ ಮೇಲೆ ಹೆಬ್ಬೆರಳಿಟ್ಟು ಒತ್ತತೊಡಗಿತು. ಒಂದಿಷ್ಟೂ ನೋವಿಲ್ಲದ ತಲೆಯನ್ನು ಆ ಕೈಗೆ ಒಪ್ಪಿಸಿ ದೋಂಕಾ ಸಂಜೆಯವರೆಗೆ ನರಳುತ್ತ ಮಲಗಿದಳು.